ನಾಯಿಯ ಪಾಲಿನ ಕೊಡ

ಚನ್ನರಾಯನದುರ್ಗದ ಮೇಲಿನ ಬೀದಿಯವರಿಗೆ ಚನ್ನಮಲ್ಲಮ್ಮ ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಕಿವಿಗೆ ಬೀಳುತ್ತಿದ್ದಳು. ಕೆಳಗಿನ ಸೇದುಬಾವಿಯಿಂದ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಏರು ಹತ್ತುವಾಗ, ಐವತ್ತು ದಾಟಿದ ಆ ಹೆಂಗಸಿನ ಬಾಯಿಂದ ಉಸಿರಿಗೊಂದು ಬೈಗುಳ ಹೊರಡುತ್ತಿತ್ತು: ದಾರಿಯ ಕಲ್ಲಿಗೊಂದು, ನೆತ್ತಿಯ ಬಿಸಿಲಿಗೊಂದು, ಅಮಲ್ದಾರನಿಗೊಂದು, ಸತ್ತುಹೋದ ಗಂಡನಿಗೆ ಎರಡು. ಬೈಯದೆ ಹತ್ತಿದರೆ ದಮ್ಮು ಕಟ್ಟುತ್ತದೆಂಬುದು ಆಕೆಯ ಸಿದ್ಧಾಂತ. ಪಾದವನ್ನು ನೆಲಕ್ಕೆ ಇಡುತ್ತಿರಲಿಲ್ಲ, ಒದೆಯುತ್ತಿದ್ದಳು. ಆದರೂ ಕೊಡದ ನೀರು ತುಳುಕುತ್ತಿರಲಿಲ್ಲ.

ಸೀರೆಯ ಮೇಲೆ ಖಾಕಿ ಕೋಟು. ಗಂಡ ವೃಷಭೇಂದ್ರಪ್ಪ ಕಾಡು ಕಾಯುವ ಗಾರ್ಡಾಗಿದ್ದವನು, ಜ್ವರದಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಎರಡೇ: ಹಿತ್ತಾಳೆ ಗುಂಡಿಯ ಆ ಕೋಟು ಮತ್ತು ಕೆಂದ ಎಂಬ ನಾಯಿ. ಗಂಡನುಳ್ಳ ಹೆಂಗಸರೇ ತೊಡದ ಕೋಟನ್ನು ವಿಧವೆ ತೊಡುವುದು ಮರ್ಯಾದೆಯಲ್ಲವೆಂದು ಊರ ಹಿರಿಯರೊಬ್ಬರು ತಿಳಿಹೇಳಲು ಬಂದಾಗ ಆಕೆ ಎಡಜೇಬಿನಿಂದ ಹೊಗೆಸೊಪ್ಪು ತೆಗೆದು ಬಾಯಿಗೆ ಹಾಕಿಕೊಂಡು ಹೇಳಿದ್ದಳು: "ಗಂಡ ಸತ್ ಮ್ಯಾಲೆ ಏನೇನು ಹಾಕ್ಕೊಬಾರ್ದು ಅಂತ ನೀವೇ ಕುಂತು ಹೇಳಿದ್ರಲ್ಲಯ್ಯ. ಅದ್ರಲ್ಲಿ ಕೋಟು ಇರ್ಲಿಲ್ಲ." ಬಲಜೇಬಿನಲ್ಲಿ ವಿಭೂತಿಯ ಗಟ್ಟಿ ಇರುತ್ತಿತ್ತು. ಹೊಗೆಸೊಪ್ಪಿನ ಕೈ ವಿಭೂತಿಗೆ ತಾಗಬಾರದೆಂಬ ಒಂದು ಮಡಿಯನ್ನು ಮಾತ್ರ ಆಕೆ ಜೀವಮಾನವಿಡೀ ಪಾಲಿಸಿದಳು.

ನಲವತ್ತೆರಡರಲ್ಲಿ ನಾವು ನಾಲ್ಕಾರು ಜನ ಖಾದಿಯವರು ಆ ಊರಿಗೆ ಸಭೆ ನಡೆಸಲು ಹೋಗಿದ್ದೆವು. ಭಾಷಣದ ನಡುವೆ ಚನ್ನಮಲ್ಲಮ್ಮ ಕೊಡ ಇಳಿಸದೆಯೇ ನಿಂತು ಕೇಳಿದಳು: "ಸ್ವರಾಜ್ಯ ಬಂದ್ರೆ ನೀರು ತಾನಾಗೇ ಮ್ಯಾಲಕ್ಕೆ ಹತ್ತಿ ಬತ್ತದೇನಪ್ಪಾ?" ನಮ್ಮ ಭಾಷಣಕಾರರು ಗಂಟಲು ಸರಿಮಾಡಿಕೊಂಡು ಉತ್ತರ ಆರಂಭಿಸಿದರು. ಆಕೆ ಅರ್ಧಕ್ಕೇ ಹೊರಟುಬಿಟ್ಟಳು. "ಉತ್ರ ಇಷ್ಟುದ್ದ ಇದ್ರೆ ಇಲ್ಲ ಅಂತ್ಲೇ ಲೆಕ್ಕ ಬುಡು."

ಕೆಂದನನ್ನು ಆಕೆ ಎಂದೂ ಮುದ್ದಿಸಿದ್ದನ್ನು ಕಂಡವರಿಲ್ಲ. 'ಸತ್ತೋನು ಬುಟ್ಟೋದ ಪೀಡೆ' ಎಂಬುದೇ ಅದರ ಇನ್ನೊಂದು ಹೆಸರು. ಗಂಡನ ಕಾಲದಲ್ಲಿ ಚಿರತೆಯ ವಾಸನೆಗೆ ಮೈನಿಮಿರಿಸಿ ನಿಲ್ಲುತ್ತಿದ್ದ ಆ ನಾಯಿಗೆ ವಯಸ್ಸಾಗುತ್ತ ಒಂದು ವಿಚಿತ್ರ ದಾಹ ಹಿಡಿಯಿತು. ಬಾನಿಯ ನೀರನ್ನು ಒಂದೇ ಉಸಿರಿಗೆ ಲೊಳಲೊಳ ಕುಡಿದು ತಳ ನೆಕ್ಕಿ, ಮತ್ತೆ ಆಕೆಯ ಮುಖ ನೋಡುತ್ತಿತ್ತು. ಕುಡಿದದ್ದೆಲ್ಲ ನಡುಮನೆಯಲ್ಲೇ ಹರಿಯುತ್ತಿತ್ತು. ಲಿಂಗಪೂಜೆಯ ಮನೆ, ಬೆಳಗೆದ್ದು ಮೊದಲು ಬೂದಿ ಎಳೆಯಬೇಕು, ಸಗಣಿ ಸಾರಿಸಬೇಕು, ಒದ್ದೆ ಗೋಣಿಯನ್ನು ಬಿಸಿಲಿಗೆ ಹಾಕಬೇಕು, ಆಮೇಲೆ ಶಿವ. ಹಸಿವೂ ಹಾಗೆಯೇ. ಮುದ್ದೆ ಕದಿಯಿತು, ಸಾರಿನ ಮಡಕೆ ಉರುಳಿಸಿತು, ದೀಪದ ಎಣ್ಣೆಯನ್ನು ಬತ್ತಿಸಮೇತ ತಿಂದಿತು. "ಲೇ ಕೆಂದ, ಅದೇನ್ ಹೊಟ್ಟೇನ್ಲಾ, ಕೆರೇನ್ಲಾ?" ಎಂದು ಆಕೆ ಪೊರಕೆ ಎತ್ತಿದರೆ ಅದು ಮಾಗಿಯ ಚಳಿಯಲ್ಲೂ ನಾಲಿಗೆ ಚಾಚಿ ತೇಕುತ್ತ, ಪೊರಕೆಯ ಕೆಳಗೇ ಬಂದು ಕೂರುತ್ತಿತ್ತು.

ನೋಡನೋಡುತ್ತ ಎರಡೂ ಪಕ್ಕೆಯ ಕೂದಲು ಉದುರಿ ಬಟಾಬಯಲಾಯಿತು. ಕಾಲುಗಳು ಸಣಕಲಾದವು, ಹೊಟ್ಟೆ ಮಾತ್ರ ನೀರು ತುಂಬಿದ ಚರ್ಮದ ಚೀಲದಂತೆ ಜೋತುಬಿತ್ತು. ಚರ್ಮವೋ ಈರುಳ್ಳಿಯ ಸಿಪ್ಪೆ, ಒಳಗಿನ ನರ ಹೊರಗಿನಿಂದಲೇ ಕಾಣುವುದು. ಗಂಡುನಾಯಿಗೆ ಬಂದ ಆ ಬಸುರನ್ನು ಕಂಡು ಊರು ನಕ್ಕಿತು.

"ಎಷ್ಟು ತಿಂಗ್ಳು ಚನ್ನಮಲ್ಲವ್ವ?" ಎಂದು ಅರಳಿಕಟ್ಟೆಯಿಂದ ಯಾರೋ ಕೂಗಿದರು.

"ನಿಮ್ಮಪ್ಪಂಗೆ ಗೊತ್ತು ಕೇಳೋಗು. ಮೊದ್ಲು ಅವನ್ ಬಾಣಂತನ, ಆಮ್ಯಾಲೆ ಇದ್ರುದ್ದು."

ಹಲವು ದಶಕಗಳ ನಂತರ ಒಬ್ಬ ಪಶುವೈದ್ಯರಿಗೆ ನಾನು ಈ ಲಕ್ಷಣಗಳನ್ನು ಹೇಳಿದಾಗ ಅವರು ಅರೆಕ್ಷಣವೂ ಯೋಚಿಸದೆ 'ಕುಶಿಂಗ್ಸ್ ಕಾಯಿಲೆ' ಎಂದರು; ದೇಹದೊಳಗಿನ ಯಾವುದೋ ಗ್ರಂಥಿ ಹದತಪ್ಪಿ ರಸ ಸುರಿಸುತ್ತದಂತೆ, ಈಗ ಮಾತ್ರೆಗಳಿವೆಯಂತೆ. ಆ ಕಾಲಕ್ಕೆ ಆ ಊರಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ಇದ್ದದ್ದು ಹಿತವಚನ. ಅದಕ್ಕೆ ಮಾತ್ರ ನಮ್ಮ ಸೀಮೆಯಲ್ಲಿ ಎಂದೂ ಬರ ಬಂದದ್ದಿಲ್ಲ.

ಮೊದಲ ಹಿತವಚನ ಓರಗಿತ್ತಿ ಇಂದ್ರಮ್ಮನದು. ಕುಡಿಯುವುದರಿಂದ ತಾನೇ ಉಚ್ಚೆ, ನೀರನ್ನೇ ಮುಚ್ಚಿಡು ಅಕ್ಕಯ್ಯ ಎಂದಳು. ಸರಿಯೆಂದು ತೋರಿತು, ಚನ್ನಮಲ್ಲಮ್ಮ ಬಾನಿಯ ಮೇಲೆ ಕಲ್ಲು ಹೇರಿದಳು. ಕೆಂದ ಬಚ್ಚಲ ಕಲ್ಲು ನೆಕ್ಕಿತು, ಒಣಹಾಕಿದ ಒದ್ದೆ ಸೀರೆಯ ಅಂಚು ಚೀಪಿತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಸಿಲ ಮೇಲೆ ಕಾಲು ಸೋತು ಬಿದ್ದು ಕಣ್ಣು ಮೇಲಕ್ಕೆ ಮಾಡಿತು. ಆಕೆ ಕಲ್ಲನ್ನೆತ್ತಿ ಬೀದಿಗೆ ಎಸೆದಳು. ಅದರ ತಲೆಯನ್ನು ಬಾನಿಗೆ ಒತ್ತಿ ಹಿಡಿದು ಕುಡಿಸುತ್ತ ಓರಗಿತ್ತಿಯ ವಂಶವನ್ನು ಮೂರು ತಲೆಮಾರು ಹಿಂದಕ್ಕೆ ಹೋಗಿ ಬೈದಳು. ತಾನೂ ಅದೇ ವಂಶಕ್ಕೆ ಸೊಸೆಯಾಗಿ ಬಂದವಳೆಂಬುದು ನಡುವೆ ನೆನಪಾಗಿ ಇನ್ನಷ್ಟು ಬೈದಳು.

ಆಮೇಲೆ ಅದನ್ನು ಗಂಗಹನುಮಯ್ಯನ ಗಾಡಿಯಲ್ಲಿ ಹಾಕಿಕೊಂಡು ಮಧುಗಿರಿಯ ದನದ ಆಸ್ಪತ್ರೆಗೆ ಹೋದಳು. ಡಾಕ್ಟರು ಕನ್ನಡಕದವರು, ಸಜ್ಜನರು. ಹೊಟ್ಟೆ ಒತ್ತಿದರು, ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇದು ಏನು ಅಂತ ನನಗೆ ಗೊತ್ತಿಲ್ಲ ತಾಯಿ. ನೀರು ತಡೀಬೇಡಿ, ಕೇಳಿದಷ್ಟು ಕೊಡಿ. ಚರ್ಮ ಬಹಳ ತೆಳುವಾಗಿಬಿಟ್ಟಿದೆ, ಗಾಯ ಮಾತ್ರ ಆಗದ ಹಾಗೆ ನೋಡಿಕೊಳ್ಳಿ. ಆಯಿತು ಅಂದರೆ ಮಾಯೋದು ಕಷ್ಟ."

"ಗೊತ್ತಿಲ್ಲ ಅಂತ ಕೇಳಕ್ಕೆ ಇಷ್ಟು ದೂರ ಬರ್ಬೇಕಾಯ್ತಾ? ನಮ್ಮೂರಲ್ಲೇ ಎಲ್ರಿಗೂ ಗೊತ್ತಿಲ್ಲ," ಎಂದು ಗಾಡಿ ಹತ್ತಿದಳು. ಎತ್ತು ಹತ್ತು ಹೆಜ್ಜೆ ಹಾಕಿದ ಮೇಲೆ ಗಂಗಹನುಮಯ್ಯನಿಗೆ ಹೇಳಿದಳಂತೆ: "ಅಲ್ಲ ಕಣ್ಲಾ, ನಮ್ಮೂರೋರು ಗೊತ್ತಿಲ್ಲ ಅಂತ ಒಬ್ರಾದ್ರೂ ಹೇಳಿದ್ರಾ?"

ಮಧುಗಿರಿವರೆಗೆ ಹೋಗಿ 'ನೀರು ಕುಡಿಸು' ಎಂಬ ಔಷಧಿ ತಂದವಳೆಂದು ಊರು ಮತ್ತೊಮ್ಮೆ ನಕ್ಕಿತು. ಸಿದ್ದರಬೆಟ್ಟದ ಒರತೆಯ ನೀರು ಸಕಲ ರೋಗಕ್ಕೂ ಆಗುತ್ತದೆಂದು ಒಬ್ಬರು ಹೇಳಿದರೆ, "ಅದ್ಕೆ ಬೇಕಾಗಿರೋದು ನೀರು. ಸಿದ್ದರದ್ದಾದ್ರೇನು, ನಮ್ದಾದ್ರೇನು? ಹೊರೋ ತಲೆ ಒಂದೇ," ಎಂದಳು.

ಬೇಸಿಗೆ ಬಂತು. ಸೇದುಬಾವಿಯಲ್ಲಿ ಹಗ್ಗ ಉದ್ದವಾಯಿತು, ಮನೆಗಿಷ್ಟು ಕೊಡವೆಂದು ಊರು ಕಟ್ಟು ಮಾಡಿತು. ಇಂದ್ರಮ್ಮ ಎಲ್ಲರೆದುರೇ ಕೇಳಿದಳು: "ಮನುಷ್ಯರಿಗೇ ಇಲ್ದಾಗ ನಾಯಿಗೊಂದು ಕೊಡ ಎಂಗೆ ಅಕ್ಕಯ್ಯ?"

"ನನ್ ಪಾಲಿಂದ್ರಲ್ಲಿ ಕುಡೀತದೆ ಕಣೇ. ನಾನು ಮೈ ತೊಳ್ಕಳದು ಬುಟ್ಟಿವ್ನಿ. ನಾತ ನನ್ಗೆ, ನಿನ್ಗೇನು?"

"ನಮ್ಗೂ ಹೊಡೀತದೆ ಅಕ್ಕಯ್ಯ."

ಬಾವಿಕಟ್ಟೆ ಗೊಳ್ಳೆಂದಿತು. ಅಂದಿನಿಂದ ಚನ್ನಮಲ್ಲಮ್ಮ ನಾಯಿಯ ಪಾಲಿನ ಕೊಡವನ್ನು ಬಾವಿಯಿಂದ ತರಲಿಲ್ಲ. ಕೋಟೆಯ ಬಂಡೆಯ ಮೇಲೆ, ಪಾಳುಬಿದ್ದ ಬುರುಜಿನಾಚೆ ಒಂದು ದೊಣೆಯಿತ್ತು. ಕಲ್ಲಿನ ಗುಳಿಯಲ್ಲಿ ನಿಂತ ಮಳೆನೀರು, ಅದಕ್ಕೆ ಊರಿನ ಕಟ್ಟಿರಲಿಲ್ಲ, ಏಕೆಂದರೆ ಅಲ್ಲಿಂದ ಕೊಡ ಹೊತ್ತು ಇಳಿಯುವ ಹುಚ್ಚು ಯಾರಿಗೂ ಇರಲಿಲ್ಲ. ಹತ್ತುವಾಗ ಕೋಟೆ ಕಟ್ಟಿಸಿದ ಪಾಳೆಯಗಾರನನ್ನೂ ಇಳಿಯುವಾಗ ಕೆಂದನನ್ನೂ ಬೈಯುತ್ತ ಆಕೆ ದಿನಾ ಹೋಗಿಬಂದಳು. ಹೋಗಿ ಬರುವುದಕ್ಕೆ ಒಂದು ಹೊತ್ತೇ ಬೇಕು.

ಆ ಒಂದು ಹೊತ್ತು ಸಾಕಾಯಿತು.

ಮೈದುನ, ಇಂದ್ರಮ್ಮನ ಗಂಡ ಶಂಕರಲಿಂಗಪ್ಪ ಗೌರವಸ್ಥ. ಯಾರನ್ನೂ ಏಕವಚನದಲ್ಲಿ ಕರೆದವನಲ್ಲ. ಬರೆ ಹಾಕುವ ಪರ್ವತಯ್ಯ ಅವನಿಗಿಂತಲೂ ಮೃದು. ಕೂಸುಗಳ ಹೊಟ್ಟೆಯುಬ್ಬರಕ್ಕೆ, ಕರುಗಳ ಊತಕ್ಕೆ, ಬೆಚ್ಚಿದ್ದಕ್ಕೆ, ಬಿಕ್ಕಳಿಕೆಗೆ ಎಲ್ಲಕ್ಕೂ ಅವನ ಕಾದ ಕುಡುಗೋಲು. ಇಡುವಾಗ "ಶಿವ ಶಿವಾ, ಆಯ್ತು ಮಗಾ, ಆಯ್ತು" ಎಂದು ಅವನೇ ಕಣ್ಣು ತುಂಬಿಕೊಳ್ಳುತ್ತಿದ್ದ. ಕೈ ಹಗುರವೆಂದು ಸುತ್ತಲ ಹಳ್ಳಿಗಳಲ್ಲಿ ಹೆಸರು. ಕೆಂದನಿಗೆ ಬರೆಯಿಡಲು ಬಂದಿದ್ದ ಅವನನ್ನು ಚನ್ನಮಲ್ಲಮ್ಮ ಹೊಸಿಲಿನಿಂದಲೇ ಹಿಂದಕ್ಕೆ ಅಟ್ಟಿದ್ದಳು. ಅವಳಿಲ್ಲದಾಗ ಅತ್ತಿಗೆಯ ಕಷ್ಟ ನೋಡಲಾರದೆ ಶಂಕರಲಿಂಗಪ್ಪ ನಾಯಿಯ ಕಾಲು ಹಿಡಿದ, ಪರ್ವತಯ್ಯ ಹೊಟ್ಟೆಗೆ ಅಡ್ಡಲಾಗಿ ಎರಡು ಗೀರು ಇಟ್ಟ. ಆಯ್ತು ಮಗಾ ಎಂದು ನಾಯಿಗೂ ಹೇಳಿದ.

ಆಕೆ ಕೊಡ ಹೊತ್ತು ಬಾಗಿಲಿಗೆ ಬಂದಾಗ ಸುಟ್ಟ ಚರ್ಮದ ವಾಸನೆ ಇನ್ನೂ ಅಂಗಳದಲ್ಲಿತ್ತು. ಊರು ಕಿವಿ ಮುಚ್ಚಿಕೊಳ್ಳಲು ಸಿದ್ಧವಾಗಿ ನಿಂತಿತ್ತು. ಶಂಕರಲಿಂಗಪ್ಪ ಮೆಲ್ಲಗೆ ಹೇಳಿದ:

"ನಿಮ್ಮೊಳ್ಳೇದಕ್ಕೇ ಅತ್ಗೆಮ್ಮ. ಇನ್ ಮ್ಯಾಲೆ ಬೆಟ್ಟ ಹತ್ತೋ ತಾಪತ್ರಯ ಇಲ್ಲ ನಿಮ್ಗೆ."

ಆಕೆ ಬೈಯಲಿಲ್ಲ. ಕೊಡ ಇಳಿಸಿದಳು, ಬಾನಿಗೆ ಸುರಿದಳು, ನಾಯಿ ಕುಡಿದು ಮುಗಿಸುವವರೆಗೆ ನಿಂತಳು. ಆಮೇಲೆ ಕೇಳಿದ್ದು ಒಂದೇ ಮಾತು.

"ಕುಡ್ಲು ಯಾರ ಮನೇದು?"

"ನಮ್ದೇ ಅತ್ಗೆಮ್ಮ."

"ಸರಿ."

ಡಾಕ್ಟರ ಮಾತು ನಿಜವಾಯಿತು. ಬರೆ ಬಿರಿಯಿತು, ಬಿರಿದದ್ದು ಅಗಲವಾಯಿತು, ನೆನೆದ ಕಾಗದದಂತೆ ಚರ್ಮ ಅಂಚಿನಿಂದ ಜಾರುತ್ತ ಹೋಯಿತು. ಬೆಳಿಗ್ಗೆ ಸಂಜೆ ಅರಿಶಿನದ ನೀರಲ್ಲಿ ತೊಳೆದಳು, ಹೊಂಗೆಯೆಣ್ಣೆ ಸವರಿದಳು, ಹುಳ ಹೆಕ್ಕಿದಳು. ನೊಣ ತಡೆಯಲು ಬೇರೆ ಬಟ್ಟೆ ನಿಲ್ಲದಾದಾಗ ಕೋಟನ್ನೇ ಕಳಚಿ ಕೆಂದನಿಗೆ ತೊಡಿಸಿ, ಹಿತ್ತಾಳೆಯ ಗುಂಡಿಗಳನ್ನು ಹೊಟ್ಟೆಯ ಕೆಳಗೆ ಸಡಿಲವಾಗಿ ಹಾಕಿದಳು. ಗಾರ್ಡಿನ ಕೋಟು ತೊಟ್ಟ ನಾಯಿಯನ್ನು ನೋಡಿ ಈ ಸಲ ಯಾರೂ ನಗಲಿಲ್ಲ. ಪರ್ವತಯ್ಯನೇ ಬಂದು ನೋಡಿದ. ಮರುಗಿದ.

"ಎಲ್ರಿಗೂ ಮಾಯ್ತದೆ ತಾಯಿ. ಇದ್ಕೊಂದಕ್ಕೆ ಮಾಯ್ಲಿಲ್ಲ ಅಂದ್ರೆ ಅದ್ರ ಕರ್ಮ."

"ಅದ್ರ ಕರ್ಮ ನಿನ್ ಕೈಲಿತ್ತು. ಕೆಂಪಗೆ ಕಾದಿತ್ತು," ಎಂದಳು.

ಒಂದು ಬೆಳಿಗ್ಗೆ ಕೆಂದ ಬಾನಿಯೊಳಗೆ ಮೂತಿಯಿಟ್ಟುಕೊಂಡೇ ಸತ್ತಿತ್ತು. ಆಕೆ ಹಿತ್ತಲ ಹುಣಸೆಮರದಡಿ ತಾನೇ ಗುಣಿ ತೋಡಿ ಮಣ್ಣು ಮಾಡಿದಳು. ಕೋಟನ್ನೂ ಜೊತೆಗೇ ಹೂತುಬಿಡಿ ಎಂದು ಶಂಕರಲಿಂಗಪ್ಪ ಬೇಲಿಯಾಚೆಯಿಂದ ಸಲಹೆ ಕೊಟ್ಟ. "ಸತ್ ನಾಯಿಗೆ ಚಳಿ ಆಯ್ತದೇನಯ್ಯ?" ಎಂದು ಬಿಚ್ಚಿ, ಸೀಗೆಪುಡಿ ಹಾಕಿ ಒಗೆದು, ಒಣಗಿದ ಮೇಲೆ ತಾನೇ ತೊಟ್ಟಳು. ಕೀವಿನ ಕಲೆ ಹೋಗಲಿಲ್ಲ. ಹೋಗಲೆಂದು ಆಕೆ ಎರಡನೆಯ ಸಲ ಉಜ್ಜಲೂ ಇಲ್ಲ.

ಆದರೆ ದೊಣೆಯ ಕೊಡ ನಿಲ್ಲಲಿಲ್ಲ. ಕುಡಿಯುವ ನಾಯಿಯಿಲ್ಲ, ಬಾನಿ ತುಂಬಿಯೇ ಇದೆ, ಹೆಂಗಸು ದಿನಾ ಬೆಟ್ಟ ಹತ್ತುತ್ತಾಳೆ, ಬೈದುಕೊಂಡು ಇಳಿಯುತ್ತಾಳೆ. ಕೇಳಿದರೆ ಕಾಲಿಗೆ ರೂಢಿಯಾಗಿದೆ ಎನ್ನುವಳು. ತಲೆ ಕೆಟ್ಟಿದೆ ಎಂದರು. ಆ ಅಭಿಪ್ರಾಯ ಮೊದಲೇ ಇದ್ದುದರಿಂದ ಊರಿಗೆ ಶ್ರಮವೇನೂ ಆಗಲಿಲ್ಲ.

ಹೀಗೆ ಒಂದು ದಿನ ಕೊಡ ಹೊತ್ತು ಇಳಿಯುತ್ತಿದ್ದಾಗ ಮೈದುನನ ಮನೆಯಿಂದ ಕೂಸಿನ ಅಳು ಕೇಳಿತು. ಇಂದ್ರಮ್ಮನ ಮಗಳು ತವರಿಗೆ ಬಂದಿದ್ದಳು, ಅವಳ ಕೂಸಿನ ಹೊಟ್ಟೆ ಉಬ್ಬಿತ್ತು. ಒಳಗೆ ಪರ್ವತಯ್ಯ ಒಲೆಯ ಮುಂದೆ ಕೂತಿದ್ದ, ಅದೇ ಕುಡುಗೋಲು ಕೆಂಡದಲ್ಲಿ ಕೆಂಪಾಗಿತ್ತು, ಶಂಕರಲಿಂಗಪ್ಪ ಮೊಮ್ಮಗುವಿನ ಕಾಲು ಹಿಡಿದಿದ್ದ. ಎಲ್ಲರ ಕಣ್ಣಲ್ಲೂ ನೀರು. ಚನ್ನಮಲ್ಲಮ್ಮ ಯಾರನ್ನೂ ಕೇಳದೆ ಒಳಗೆ ಹೋಗಿ, ತಲೆಯ ಮೇಲಿನ ಕೊಡವನ್ನು ಇಳಿಸಿ ಇಡೀ ನೀರನ್ನು ಒಲೆಯೊಳಕ್ಕೆ ಸುರಿದಳು. ಬುಸ್ಸೆಂದು ಎದ್ದ ಹಬೆಯಲ್ಲಿ ಕಬ್ಬಿಣವೂ ಕೆಂಡವೂ ಪರ್ವತಯ್ಯನ ಮುಖವೂ ಕಾಣದಾದವು.

ನಮ್ಮಲ್ಲಿ ಒಲೆಗೆ ನೀರು ಹುಯ್ಯುವುದೆಂದರೆ ಮನೆ ಮುಗಿಯಿತೆಂದು ಸಾರಿದಂತೆ. ಇಂದ್ರಮ್ಮ ಎದೆ ಹಿಡಿದುಕೊಂಡಳು. "ಬಾಳೋ ಮನೆ ಒಲೆಗೆ ನೀರು ಹುಯ್ದ್ಯಲ್ಲ ಅಕ್ಕಯ್ಯ."

"ಒಲೆ ಸಂಜೀಕೆ ಹಚ್ಕೊಬೋದು ಕಣೇ. ಕೂಸಿನ ಹೊಟ್ಟೆಗೆ ಬ್ಯಾರೆ ಚರ್ಮ ಎಲ್ಲಿಂದ ತತ್ತೀಯ?" ಎಂದು, ಶಂಕರಲಿಂಗಪ್ಪನ ಕಡೆಗೆ ತಿರುಗಿದಳು. "ಕಾಲು ಬುಡು. ಗಾಡಿ ಕಟ್ಟು. ಮಧುಗಿರಿಗೆ."

ಅವನು ಕಟ್ಟಿದ. ಭಕ್ತಿಯಿಂದಲ್ಲ, ಭಯದಿಂದ. ಆಸ್ಪತ್ರೆಯಲ್ಲಿ ಜಂತುಹುಳದ ಔಷಧಿ ಕೊಟ್ಟರು. ಆ ಕೂಸು ಬದುಕಿ, ಮುಂದೆ ಚನ್ನಮಲ್ಲಮ್ಮನ ಹಿಂದೆ ಬೀದಿಯುದ್ದಕ್ಕೂ ಕೋಟಜ್ಜಿ ಎಂದು ಅಣಕಿಸುವಷ್ಟು ದೊಡ್ಡದಾಯಿತು. ಊರೇನೂ ಬದಲಾಗಲಿಲ್ಲ. ಆಕೆ ಕೊರಟಗೆರೆ ಸಂತೆಗೆ ಹೋದ ದಿನ ನೋಡಿಕೊಂಡು ಕೂಸುಗಳಿಗೆ ಬರೆ ಹಾಕಿಸುತ್ತಿದ್ದರು. ಅಷ್ಟರಮಟ್ಟಿಗೆ ಹೆದರಿದರೆಂಬುದೇ ಗೆಲುವು. ಆಕೆ ಸಂತೆಗೆ ಹೋಗುವುದನ್ನೇ ಕಡಿಮೆ ಮಾಡಿದಳು.

ನಾನು ಜೈಲು ಕಂಡಿದ್ದೇನೆ, ಲಾಠಿ ತಿಂದಿದ್ದೇನೆ. ನಮ್ಮನ್ನು ಹೊಡೆಸಿದ ಅಧಿಕಾರಿಯೂ ಒಳ್ಳೆಯ ಮಾತಿನವನೇ, ನಿಮ್ಮ ಹಿತಕ್ಕೇ ಎಂದಿದ್ದ. ಬರೆ ಹಾಕುವವರು ಎಲ್ಲ ಕಾಲದಲ್ಲೂ ಮೃದುಭಾಷಿಗಳು. ಅವರ ಕಣ್ಣಲ್ಲಿ ನೀರಿರುತ್ತದೆ, ಕೈಯಲ್ಲಿ ಕಬ್ಬಿಣವಿರುತ್ತದೆ, ಮಾಯದಿದ್ದರೆ ಬಾಯಲ್ಲಿ ಕರ್ಮವಿರುತ್ತದೆ. ಚನ್ನಮಲ್ಲಮ್ಮನಂಥವರನ್ನು ಊರು ಗಯ್ಯಾಳಿಯೆಂದೇ ಕರೆದು ಗಯ್ಯಾಳಿಯೆಂದೇ ಮಣ್ಣು ಮಾಡುತ್ತದೆ. ಅವರ ಪಕ್ಕದ ಮನೆಯಲ್ಲಿ ಬಾಳುವುದು ಸುಖವಲ್ಲವೆಂಬುದು ನಿಜ. ಆದರೆ ಒಲೆಯಲ್ಲಿ ಕುಡುಗೋಲು ಕಾದಿರುವಾಗ ಸಮಾಧಾನದ ಮಾತಿಗೆ ಅದು ಆರುವುದಿಲ್ಲ. ಊರಿನವರನ್ನೆಲ್ಲ ಬೈದುಕೊಂಡು ಯಾರಾದರೊಬ್ಬರು ಅಷ್ಟು ದೂರದಿಂದ ಒಂದು ಕೊಡ ನೀರು ಹೊತ್ತು ತಂದಿರಬೇಕು.