ಬೀರೂರು ಬಿಟ್ಟು ಕಡೂರು ಸೇರುವಷ್ಟರಲ್ಲಿ

ಶಿವನಿಯ ಕಾಶಮ್ಮನಿಗೆ ಅರ್ಧ ಮಾತು ಕಿವಿಗೆ ಬಿದ್ದರೆ ಸಾಕು, ಪೂರ್ತಿ ಕೆಲಸ ಮಾಡಿ ಮುಗಿಸಿರುತ್ತಾಳೆ. ಐರ್ಲೆಂಡಿನಲ್ಲಿ ಐದು ವರ್ಷ ನರ್ಸಾಗಿದ್ದ ತಮ್ಮನ ಮಗಳು ತನುಜಾ ಮೂರು ವಾರದ ರಜೆಗೆ ಊರಿಗೆ ಬಂದಿದ್ದಳು. ಬಂದ ದಿನವೇ ಫೋನಿನಲ್ಲಿ ಯಾರಿಗೋ, ‘ಆಸ್ಟ್ರಿಯಾದಲ್ಲಿ ಕೆಲಸ ಸಿಕ್ಕಿದೆ, ರೆಸಿಡೆನ್ಸಿ ಒಂದು ಆಗ್ಬೇಕು’ ಎಂದದ್ದು ಒಗ್ಗರಣೆಯ ಚಟಪಟದ ನಡುವೆ ಕಾಶಮ್ಮನಿಗೆ ಕೇಳಿಸಿತು. ರೆಸಿಡೆನ್ಸಿ ಎಂದರೆ ವಾಸ. ವಾಸದ ಪತ್ರ ಕೊಡುವುದು ಅಜ್ಜಂಪುರದ ನಾಡಕಚೇರಿ. ಇದರಲ್ಲಿ ಯೋಚನೆ ಮಾಡುವುದೇನಿದೆ? ಮಾರನೆಯ ಬೆಳಿಗ್ಗೆ ಹುಡುಗಿಯ ಆಧಾರ್ ಕಾರ್ಡನ್ನು ಸೆರಗಿನ ಗಂಟಿಗೆ ಹಾಕಿಕೊಂಡು ಬಸ್ಸು ಹತ್ತಿಯೇ ಬಿಟ್ಟಳು.

ಎಂಟು ದಿನ ಬಿಟ್ಟು ಪತ್ರ ಬಂತು. ದೇವೀರಪ್ಪನವರ ಮಗಳಾದ ತನುಜಾ ಎಂಬುವವರು ಶಿವನಿ ಗ್ರಾಮದ ಖಾಯಂ ನಿವಾಸಿಯಾಗಿರುತ್ತಾರೆ ಎಂದು ಅದರಲ್ಲಿ ಸರ್ಕಾರವೇ ಹೇಳಿತ್ತು. ಕಾಶಮ್ಮ ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟು, ಹೊಗಳಿಕೆಗೆ ಕಾಯುತ್ತ ಕೂತಳು.

ತನುಜಾ ಓದಿ, ಅನ್ನ ನೆತ್ತಿಗೇರುವಷ್ಟು ನಕ್ಕಳು. ‘ಅತ್ತೆ, ನಾನು ಅಲ್ಲಿರೋಕೆ ಅಲ್ಲಿಯವರು ಅಪ್ಪಣೆ ಕೊಡ್ಬೇಕು. ನೀನು ನೋಡಿದ್ರೆ ನಾನು ಇಲ್ಲೇ ಇರ್ತೀನಿ ಅಂತ ಬರೆಸ್ಕೊಂಡು ಬಂದಿದೀಯ.’

‘ಯಾರ ಮನೇಗಾದ್ರೂ ಇರೋಕೆ ಹೋದ್ರೆ ನಿಂದು ಯಾವೂರು ಅಂತ ಕೇಳಲ್ವೇನೇ ಮೊದ್ಲು? ಅದಕ್ಕಿರ್ಲಿ ಇಟ್ಕೊ’ ಎಂದಳು ಕಾಶಮ್ಮ, ಸೋಲದೆ.

ತಮಾಷೆ ಎಂದರೆ, ಆ ದೇಶದವರು ಹೆಚ್ಚು ಕಡಿಮೆ ಅದನ್ನೇ ಕೇಳಿದ್ದರು. ತನುಜಾ ಫೋನಿನಲ್ಲಿದ್ದ ಪಟ್ಟಿಯನ್ನು ಓದಿ ಹೇಳಿದಳು. ಪಾಸ್‌ಪೋರ್ಟು, ಕೆಲಸದ ಪತ್ರ, ಅಲ್ಲಿ ಹಿಡಿದ ಮನೆಯ ಕರಾರು, ವಿಮೆ. ಎಲ್ಲವೂ ಸಿದ್ಧವಿತ್ತು, ಒಂದನ್ನು ಬಿಟ್ಟು. ಹುಟ್ಟಿದ ಊರು, ತಾರೀಖು, ತಂದೆ ತಾಯಿ, ಮಗುವಿನ ಹೆಸರು ಎಲ್ಲ ಇರುವ ಜನನ ಪತ್ರ. ಇಷ್ಟು ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೇ ಎಲ್ಲ ಕೆಲಸ ನಡೆದಿತ್ತು. ಪಾಸ್‌ಪೋರ್ಟಿಗೂ, ಶಿವನಿ ಎಂದರೆ ಯಾರಿಗೆ ಗೊತ್ತಾಗುತ್ತದೆ ಎಂದು, ಹುಟ್ಟಿದ್ದು ಚಿಕ್ಕಮಗಳೂರು ಎಂದೇ ಬರೆಸಿದ್ದಳು. ಈಗ ಮಾತ್ರ ಮೂಲ ಪತ್ರವೇ ಬೇಕು. ಅದಕ್ಕೆ ಬೆಂಗಳೂರಿನದೊಂದು, ದಿಲ್ಲಿಯದೊಂದು ಮುದ್ರೆ ಬಿದ್ದು, ಬರುವ ತಿಂಗಳ ಮೊದಲ ವಾರ ಗ್ರಾಜ್ ಎಂಬ ಊರಿನ ಕಚೇರಿಗೆ ತಲುಪಬೇಕು. ಈ ಶುಕ್ರವಾರದೊಳಗೆ ಸಿಗದಿದ್ದರೆ ಅಲ್ಲಿನ ಹೆರಿಗೆ ವಾರ್ಡಿನ ಕೆಲಸ ಬೇರೆಯವರ ಪಾಲು.

‘ನಾನು ಈ ಮನೇಲೇ ಹುಟ್ಟಿದ್ದಲ್ವಾ? ಹಂಗಾದ್ರೆ ಅಜ್ಜಂಪುರದಲ್ಲಿ ಸಿಗುತ್ತೆ ಬಿಡು’ ಎಂದಳು ತನುಜಾ.

‘ಹೂಂ’ ಎಂದಳು ಕಾಶಮ್ಮ. ಮೂವತ್ತಮೂರು ವರ್ಷ ಊರಿನವರಾಗಲಿ, ನೆಂಟರಾಗಲಿ, ಸ್ವಂತ ತಮ್ಮನಾಗಲಿ ಎರಡನೆಯ ಸಲ ಕೇಳದ ಪ್ರಶ್ನೆಯನ್ನು ಅವಳ ನಾಲಿಗೆಗೆ ಹೆಸರೂ ಹೊರಳದ ದೇಶವೊಂದು ಕೇಳುತ್ತಿತ್ತು. ಅಷ್ಟು ದೂರ ಕೂತವರಿಗೆ ತಾನು ಬಚ್ಚಿಟ್ಟದ್ದರ ವಾಸನೆ ಹೇಗೆ ಹತ್ತಿತು ಎಂದು ಅವಳಿಗೆ ಅರ್ಥವಾಗಲಿಲ್ಲ.

ಸೋಮವಾರ ಅತ್ತೆ ಸೊಸೆ ಅಜ್ಜಂಪುರಕ್ಕೆ ಹೋದರು. ಅಲ್ಲಿ ಸಿಗಲಿಲ್ಲ. ಆಗ ಅಜ್ಜಂಪುರ ತಾಲ್ಲೂಕೇ ಆಗಿರಲಿಲ್ಲ, ಹಳೆಯದೆಲ್ಲ ತರೀಕೆರೆಯಲ್ಲಿರಬಹುದು ಎಂದರು. ಮಂಗಳವಾರ ತರೀಕೆರೆ. ಪಾಪ, ಅಲ್ಲಿನ ಗುಮಾಸ್ತೆ ಹುಡುಗಿ ಆ ವರ್ಷದ ಶಿವನಿ ಪುಸ್ತಕವನ್ನು ಹಾಳೆ ಹಾಳೆಯಾಗಿ ಎರಡು ಸಲ ತಿರುವಿದಳು. ತನುಜಾ ಇರಲಿಲ್ಲ. ದಾಖಲೆ ಇಲ್ಲ ಎಂದೇ ಒಂದು ಪತ್ರ ಕೊಡುತ್ತೇವೆ, ಅದನ್ನು ಹಿಡಿದು ಕೋರ್ಟಿಗೆ ಹೋಗಿ, ಮೂರು ತಿಂಗಳಾದರೂ ಬೇಕು ಎಂದು ವಿವರಿಸಿದಳು.

ತರೀಕೆರೆ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ತನುಜಾ ಕೂತುಬಿಟ್ಟಳು. ‘ಎರಡು ವರ್ಷ ಡ್ಯೂಟಿ ಮುಗಿಸ್ಕೊಂಡು ಬಂದು ಜರ್ಮನ್ ಕಲ್ತೆ ಅತ್ತೆ. ಪರೀಕ್ಷೆ ಪಾಸ್ ಮಾಡ್ದೆ. ಈಗ ನೋಡಿದ್ರೆ ನಾನು ಹುಟ್ಟೇ ಇಲ್ಲ.’ ಅವಳು ಅಳಲಿಲ್ಲ, ಆದರೆ ತುಟಿ ಕಚ್ಚಿಕೊಂಡ ರೀತಿ ತೀರಿಹೋದ ಅವಳ ತಾಯಿಯದೇ ಆಗಿತ್ತು. ಆ ತುಟಿಯನ್ನು ಕಾಶಮ್ಮ ಮೊದಲು ನೋಡಿದ್ದು ಎಲ್ಲಿ ಎಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಹೇಳಲು ಬಾಯಿ ತೆರೆದಳು, ಬಸ್ಸು ಬಂತು, ಮುಚ್ಚಿಕೊಂಡಳು.

ಬುಧವಾರ ಬೆಳಿಗ್ಗೆ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು, ‘ಏಳೇ, ಕಡೂರಿಗೆ ಹೋಗಣ. ಬಸ್ಸಲ್ಲಿ ಬ್ಯಾಡ, ರೈಲಲ್ಲಿ’ ಎಂದಳು. ಶಿವನಿಯಿಂದ ಬೀರೂರಿನವರೆಗೂ ಕಿಟಕಿಯ ಸರಳು ಹಿಡಿದು ಸುಮ್ಮನೆ ಕೂತಿದ್ದಳು. ಕಾಶಮ್ಮ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಹುಟ್ಟಿದಾಗಿನಿಂದ ಕಾಣದ ತನುಜಾ, ಅತ್ತೆಗೆ ಮೈ ಸರಿ ಇಲ್ಲವೇನೋ ಎಂದು ನಾಡಿಯನ್ನೂ ಹಿಡಿದು ನೋಡಿದಳು.

ಬೀರೂರು ಬಿಟ್ಟು ಗಾಡಿ ಅಲುಗಿತು. ಕಾಶಮ್ಮ ಕೈಯನ್ನು ಬಿಡಿಸಿಕೊಂಡು, ಬೋಗಿಯ ನೆಲವನ್ನು ತೋರಿಸಿದಳು.

‘ನೀ ಹುಟ್ಟಿದ್ದು ಇಲ್ಲಿ ಕಣೇ.’

‘ಎಲ್ಲಿ?’

‘ಇಂಥದೇ ಒಂದು ಗಾಡೀಲಿ. ಬೀರೂರು ಬಿಟ್ಟಿತ್ತು, ಕಡೂರು ಬಂದಿರ್ಲಿಲ್ಲ. ಮನೇಲಿ ಹುಟ್ಟಿದ್ದು ಅಂತ ಸುಳ್ಳು ಹೇಳ್ದೋಳು ನಾನು.’

ಮನೆಯವರೆಲ್ಲ ಮದುವೆಗೆಂದು ತರೀಕೆರೆಗೆ ಹೋಗಿದ್ದ ದಿನ. ಮನೆಯಲ್ಲಿ ಇದ್ದವರು ತುಂಬಿದ ಬಸುರಿ ಮತ್ತು ಅವಳ ಗಂಡನ ಅಕ್ಕ ಕಾಶಮ್ಮ, ಇಬ್ಬರೇ. ದಿನ ತುಂಬುವ ಮೊದಲೇ ನೋವು ಬಂತು. ಸಿಕ್ಕಿದ್ದು ಕಡೂರಿಗೆ ಹೋಗುವ ಪ್ಯಾಸೆಂಜರ್ ಗಾಡಿ. ಬೀರೂರಿನಲ್ಲಿ ಇಳಿಯೋಣವೆಂದರೆ ಏಳುವ ಶಕ್ತಿ ಇಲ್ಲ. ಬೋಗಿಯಲ್ಲಿದ್ದ ಗಂಡಸರು ಪಕ್ಕದ ಕಡೆಗೆ ಸರಿದರು. ಹೆಂಗಸರು ಅಯ್ಯೋ ಶಿವನೇ ಎನ್ನುತ್ತ ನಿಂತರು, ಕಾಶಮ್ಮನೂ ಸೇರಿದಂತೆ. ಆಗ ಬಾಗಿಲ ಹತ್ತಿರ ಮಂಕರಿ ಇಟ್ಟುಕೊಂಡು ಕೂತಿದ್ದ ಒಬ್ಬಳು ಎದ್ದು ಬಂದಳು. ಸಖರಾಯಪಟ್ಟಣದ ಭಾಗಮ್ಮ. ಅಜ್ಜಂಪುರದಲ್ಲಿದ್ದ ಮಗಳನ್ನು ನೋಡಿಕೊಂಡು ಹಿಂದಿರುಗುತ್ತಿದ್ದಳು. ‘ನಮ್ಮ ಕೇರೀಲಿ ನಾನೇ ನೋಡದು. ನಾ ಮುಟ್ಟಬೌದಾ?’ ಎಂದು ಕೇಳಿದಳು. ಅಷ್ಟು ನೋವಿನ ನಡುವೆಯೂ ಅವಳು ಕೇಳಬೇಕಾಯಿತು.

‘ನಾ ಅತ್ನಾ?’ ಎಂದಳು ತನುಜಾ.

‘ಎಲ್ಲಿ ಅಳ್ತೀಯ? ಹೊಕ್ಕುಳಬಳ್ಳಿ ಕೊರಳಿಗೆ ಸುತ್ಕೊಂಡಿತ್ತು. ಎರಡು ಸುತ್ತು. ನೇರಳೆಹಣ್ಣಾಗಿದ್ದೆ. ನಾನು ಮುಖ ತಿರುಗಿಸ್ಬಿಟ್ಟೆ. ಅವಳು ಒಂದೊಂದೇ ಸುತ್ತು ಬಿಡಿಸಿ, ಬೆನ್ನು ಉಜ್ಜಿ ಉಜ್ಜಿ, ಬಾಯಿಗೆ ಬಾಯಿಟ್ಟು ಊದಿದ್ಲು. ಸೆರಗಿನ ದಾರ ಕಿತ್ತು ಬಳ್ಳಿ ಕಟ್ಟಿದ್ಲು. ಯಾರೋ ಹೊಸ ಬ್ಲೇಡು ಕೊಟ್ರು.’

ತನುಜಾ ಬೋಗಿಯ ನೆಲವನ್ನೇ ನೋಡಿದಳು. ಐದು ವರ್ಷದಲ್ಲಿ ನೂರಾರು ಹೆರಿಗೆ ಕಂಡವಳು ಅವಳು. ‘ಎರಡು ಸುತ್ತು ಅಂದ್ರೆ ನಮ್ಮ ವಾರ್ಡಲ್ಲಿ ಬೆಲ್ ಒತ್ತಿ ನಾಲ್ಕು ಜನ ಡಾಕ್ಟ್ರನ್ನ ಕರೀತೀವಿ ಅತ್ತೆ’ ಎಂದಳು. ಅವಳ ದನಿ ದೇವರ ಮನೆಯಲ್ಲಿ ಮಾತಾಡುವಷ್ಟು ತಗ್ಗಿತ್ತು. ‘ಓಡೋ ಗಾಡೀಲಿ. ಬರೀ ಕೈಯಲ್ಲಿ. ಏಳೆಂಟು ನಿಮಿಷದಲ್ಲಿ.’

ಕಾಶಮ್ಮ ಉಳಿದದ್ದನ್ನೂ ಹೇಳಿದಳು, ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂಬ ಭಯಕ್ಕೆ. ಮಗು ಅತ್ತಾಗ ಭಾಗಮ್ಮ ನಗುತ್ತ, ‘ತನುಜಾ ಅಂತ ಕರೀರವ್ವಾ. ನನ್ ಮಗಳಿಗೆ ಅಕ್ಷರ ಕಲಿಸಿದ ಮೇಡಮ್ಮೋರ ಹೆಸ್ರು’ ಎಂದಿದ್ದಳು. ಕಡೂರಿನಲ್ಲಿ ಕಾಶಮ್ಮ ತಾಯಿ ಮಗುವನ್ನು ಆಸ್ಪತ್ರೆಗೆ ಒಯ್ದಳು. ಸ್ಟೇಷನ್ನಿನವರು ಏನೋ ಬರೆದುಕೊಳ್ಳಬೇಕೆಂದು ಭಾಗಮ್ಮನನ್ನು ಕೂರಿಸಿಕೊಂಡರು. ಹೊರಡುವಾಗ ಕಾಶಮ್ಮ ಅವಳ ಎರಡೂ ಕೈ ಹಿಡಿದು, ‘ತೊಟ್ಟಿಲಿಗೆ ಕರೀತೀನಿ, ಬರ್ಲೇಬೇಕು’ ಎಂದಿದ್ದಳು.

‘ಕರೆದ್ಯಾ?’

‘ಇಲ್ಲ ಕಣೇ. ಜಾತಿ ಅಡ್ಡ ಬಂತು. ನಮ್ಮವ್ವ ಏನಂತಾಳೋ, ಮಠದ ಭಕ್ತರ ಮನೆ ಅಂತ ಹೆಸರಿದೆ, ಊರಲ್ಲಿ ಏನ್ ಆಡ್ಕೊಂತಾರೋ ಅಂತ. ಅದಕ್ಕೇ ರೈಲೂ ಇಲ್ಲ, ಭಾಗಮ್ಮನೂ ಇಲ್ಲ, ಮನೇಲೇ ಹುಟ್ಟಿತು, ಆಮೇಲೆ ಆಸ್ಪತ್ರೆಗೆ ಒಯ್ದೆ ಅಂದ್ಬಿಟ್ಟೆ. ನಿಮ್ಮವ್ವನ ಕೈಲೂ ಆಣೆ ಹಾಕಿಸ್ಕೊಂಡೆ.’

ತೊಟ್ಟಿಲ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಅವಳು ಬಗ್ಗಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಮೆಲ್ಲಗೆ ಗುದ್ದುತ್ತಾರೆ. ಮನೆಯವರು ಗಿರಿಜಾ ಎಂದು ನಿಶ್ಚಯಿಸಿದ್ದರು. ಬಗ್ಗಿದ ಕಾಶಮ್ಮನ ಬಾಯಲ್ಲಿ ಬಂದದ್ದು ತನುಜಾ. ಎಂಥ ಹೊಸ ಹೆಸರು ತಂದಳಪ್ಪ ಎಂದು ಊರೇ ಹೊಗಳಿತು. ಆ ಹೊಗಳಿಕೆಯನ್ನು ಮೂವತ್ತಮೂರು ವರ್ಷ ಅವಳು ನಾಚಿಕೆಯಿಲ್ಲದೆ ಅನುಭವಿಸಿದ್ದಳು. ಸ್ವಾಮಿಗಳೇ ಕನಸಿನಲ್ಲಿ ಸೂಚಿಸಿದರು ಎಂದು ಒಂದೆರಡು ಕಡೆ ಹೇಳಿದ್ದೂ ಉಂಟು.

ಕಡೂರಿನಲ್ಲಿ ಇಳಿದರು. ತನುಜಾ ಅತ್ತೆಯ ಕೈ ಹಿಡಿಯಲಿಲ್ಲ. ಪುರಸಭೆಯವರೆಗೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಪುರಸಭೆಯ ದಾಖಲೆ ಕೋಣೆಯಲ್ಲಿದ್ದವರು ಷಣ್ಮುಖಪ್ಪ, ನಿವೃತ್ತಿಗೆ ಎರಡು ತಿಂಗಳು ಬಾಕಿ ಇದ್ದ ಗುಮಾಸ್ತರು. ರೈಲಿನ ಮಾತು ಕೇಳಿದ್ದೇ ಕನ್ನಡಕ ಏರಿಸಿಕೊಂಡರು. ‘ಗಾಡೀಲಿ ಹುಟ್ಟಿದ್ರೆ ಗಾಡಿ ಮೊದ್ಲು ಎಲ್ಲಿ ನಿಲ್ಲುತ್ತೋ ಅಲ್ಲೇ ಬರೀಬೇಕು ತಾಯಿ. ನೀವು ಊರೆಲ್ಲ ಹುಡುಕಿದೀರಿ.’ ಆಮೇಲೆ ತನುಜಾಳತ್ತ ತಿರುಗಿ, ‘ಸಿಕ್ಕಿದ್ರೂ ಜಾಸ್ತಿ ಆಸೆ ಇಟ್ಕೋಬೇಡಮ್ಮ. ಆಗೆಲ್ಲ ಹೆಣ್ಣು ಮಗು ಅಂತ ಬರ್ದು ಹೆಸರಿನ ಜಾಗ ಖಾಲಿ ಬಿಡೋರು. ಇಷ್ಟು ವರ್ಷದ ಮೇಲೆ ಹೆಸರು ಸೇರಿಸೋದು ಸುಲಭ ಅಲ್ಲ’ ಎಂದರು.

ಹೆಸರಿಟ್ಟದ್ದು ಹದಿಮೂರನೆಯ ದಿನ, ಶಿವನಿಯಲ್ಲಿ. ಕಡೂರಿನ ಪುಸ್ತಕಕ್ಕೆ ಅದು ಹೇಗೆ ಬಂದೀತು? ಇಷ್ಟೆಲ್ಲ ಬಿಚ್ಚಿ ಹೇಳಿಯೂ ಹುಡುಗಿಗೆ ದಕ್ಕದೆ ಹೋಯಿತಲ್ಲ ಎಂದು ಕಾಶಮ್ಮ ಗೋಡೆಗೆ ಒರಗಿದಳು.

ಷಣ್ಮುಖಪ್ಪ ಕೆಂಪು ಬಟ್ಟೆಯ ಕಟ್ಟು ಬಿಚ್ಚಿದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ನಿಂತಿತು. ಪುಸ್ತಕವನ್ನು ಇವರ ಕಡೆಗೆ ತಿರುಗಿಸಿದರು.

ಹುಟ್ಟಿದ ಸ್ಥಳ, ರೈಲುಗಾಡಿ, ಕಡೂರು. ತಂದೆ ದೇವೀರಪ್ಪ, ಶಿವನಿ. ಪಕ್ಕದಲ್ಲೇ ತಾಯಿಯ ಹೆಸರು. ಮಗುವಿನ ಹೆಸರು ತನುಜಾ. ಹುಟ್ಟಿದ ದಿನವೇ, ಅದೇ ಶಾಯಿಯಲ್ಲಿ. ಕೊನೆಯಲ್ಲಿ, ಮಾಹಿತಿ ಕೊಟ್ಟವರು ಭಾಗಮ್ಮ ಕೋಂ ಹನುಮಂತಯ್ಯ, ಸಖರಾಯಪಟ್ಟಣ. ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಅದರ ಗೆರೆಗಳು ಇವತ್ತು ಒತ್ತಿದಷ್ಟು ಸ್ಪಷ್ಟವಾಗಿದ್ದವು.

‘ಸ್ಟೇಷನ್ನಿನವರು ಇಲ್ಲಿಗೆ ಕರ್ಕೊಂಡು ಬಂದಿರ್ತಾರೆ. ಹೆಸರು ಕೇಳಿರ್ತಾರೆ, ಆಯಮ್ಮ ಹೇಳಿದಾಳೆ’ ಎಂದರು ಷಣ್ಮುಖಪ್ಪ. ‘ನಿಮ್ಮ ಪುಣ್ಯ. ಊಟದ ಹೊತ್ತಿಗೆ ಪತ್ರ ಕೊಡ್ತೀನಿ.’

ತನುಜಾ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. ಕಾಶಮ್ಮ ಬಗ್ಗಿ ಕಿವಿಯಲ್ಲಿ ಹೇಳುವ ಎಷ್ಟೋ ದಿನ ಮೊದಲೇ ಹೆಸರು ಇಲ್ಲಿ ಕೂತಿತ್ತು. ಅವಳ ಸುಳ್ಳು ಊರಲ್ಲಿ ಓಡಾಡಿಕೊಂಡಿದ್ದಷ್ಟು ವರ್ಷವೂ, ಓದು ಬಾರದ ಒಬ್ಬಳ ಬೆರಳಿನ ಗುರುತು ಈ ಕೋಣೆಯಲ್ಲಿ ನಿಜವನ್ನು ಹಿಡಿದುಕೊಂಡಿತ್ತು. ಈಗ ಅದೇ ಬೆರಳು ಮಗುವನ್ನು ಎರಡನೆಯ ಸಲ ಉಳಿಸುತ್ತಿತ್ತು. ತಾನು ಯಾರ ಹಕ್ಕನ್ನು ತಿಂದುಕೊಂಡು ಬದುಕಿದೆ ಎಂದು ಕಾಶಮ್ಮನಿಗೆ ಆಗ ತಿಳಿಯಿತು. ಕಚೇರಿ ಎಂಬುದನ್ನೂ ಮರೆತು ಅವಳು ಪುಸ್ತಕಕ್ಕೆ ಕೈ ಮುಗಿದಳು.

ಪತ್ರ ಕೈಗೆ ಬಂದಾಗ ಎರಡು ಗಂಟೆ. ಬಸ್ ನಿಲ್ದಾಣದಲ್ಲಿ ತನುಜಾ ಅಜ್ಜಂಪುರದ ಬಸ್ಸಿಗೆ ಕಾಯುತ್ತಿದ್ದರೆ, ಕಾಶಮ್ಮ ಸಖರಾಯಪಟ್ಟಣದ ಬಸ್ಸು ಹತ್ತಿ ಕಿಟಕಿಯಿಂದ ಕರೆದಳು. ತನುಜಾ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅತ್ತೆಯ ಕೈ ಹಿಡಿದುಕೊಂಡಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೆರಿಗೆ ಭಾಗಮ್ಮ ಎಂದರೆ ಅಂಗಡಿಯವನೇ ದಾರಿ ತೋರಿಸಿದ. ಮಗ ಹೊನ್ನೇಶ್ ಬಾಗಿಲು ತೆರೆದ. ಬುದ್ಧನ ಪಟದ ಕೆಳಗೆ, ಚಾಪೆಯ ಮೇಲೆ, ಎಂಬತ್ತು ದಾಟಿದ ಮುದುಕಿ ಕಾಲು ಚಾಚಿ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಕಾಶಮ್ಮ ದಾರಿಯುದ್ದಕ್ಕೂ ಹತ್ತು ಮಾತು ಜೋಡಿಸಿಕೊಂಡಿದ್ದಳು. ಹೊಸ್ತಿಲು ದಾಟಿದ್ದೇ ಒಂಬತ್ತು ಮರೆತವು.

‘ಭಾಗಕ್ಕಾ, ನಾನು ಶಿವನಿಯೋಳು. ರೈಲಲ್ಲಿ ಇದ್ನಲ್ಲ. ತೊಟ್ಟಿಲಿಗೆ ಕರಿಯೋಕೆ ಬಂದೆ.’

ಮುದುಕಿ ತಲೆ ಎತ್ತಿ ದನಿ ಬಂದ ಕಡೆಗೆ ನೋಡಿದಳು.

‘ತಡ ಮಾಡ್ಬಿಟ್ರಿ ಕಣ್ರವ್ವಾ’ ಎಂದಳು ಭಾಗಮ್ಮ. ‘ಕೂಸು ಇಷ್ಟೊತ್ತಿಗೆ ನಡಿಯಾಕೆ ಕಲ್ತಿರಬೇಕು.’

‘ಕಲ್ತಿದೀನಿ ಅಜ್ಜಿ’ ಎಂದಳು ತನುಜಾ, ಹತ್ತಿರ ಬಂದು ಕೂತು. ‘ಇನ್ನೂ ದೂರ ಹೋಗ್ಬೇಕು. ನೀವು ಹೆಸರು ಬರೆಸಿದ್ದಕ್ಕೆ ಆಗ್ತಾ ಇದೆ.’

ಭಾಗಮ್ಮನ ಕೈ ಗಾಳಿಯಲ್ಲಿ ತಡಕಿ ಅವಳ ಭುಜ ಮುಟ್ಟಿತು, ಅಲ್ಲಿಂದ ಕೊರಳಿಗೆ ಹೋಯಿತು. ‘ಇಲ್ಲೇ ಸುತ್ಕಂಡಿತ್ತು’ ಎಂದಳು. ‘ಎಲ್ಡು ಸುತ್ತು.’

ಕಾಶಮ್ಮ ಅವರ ಪಕ್ಕದಲ್ಲಿ ನೆಲಕ್ಕೆ ಕೂತು, ‘ಅವಳ ಕಿವೀಲಿ ಹೆಸ್ರು ಹೇಳಕ್ಕಾ. ನಾ ಹೇಳಿದ್ದು ಲೆಕ್ಕಕ್ಕಿಲ್ಲ’ ಎಂದಳು. ಇಷ್ಟು ದೊಡ್ಡವಳ ಕಿವಿಗೆ ಎಂಥ ಹೆಸರು ಹೇಳುವುದು ಎಂದು ಮುದುಕಿ ನಕ್ಕಳು. ಆದರೂ ತನುಜಾ ತಲೆ ಬಗ್ಗಿಸಿದಾಗ, ಅವಳ ಕೂದಲು ಸರಿಸಿ, ಕಿವಿಗೆ ಬಾಯಿ ತಂದು ಮೂರು ಸಲ ಹೇಳಿದಳು. ಹೇಳುವಷ್ಟು ಹೊತ್ತೂ ಕಾಶಮ್ಮ ಭಾಗಮ್ಮನ ಬೆನ್ನಿಗೆ ಮೆಲ್ಲಗೆ ಗುದ್ದುತ್ತಿದ್ದಳು.