ನಾಲ್ಕು ಶಾಲು, ಮೂರು ಪತ್ರ

ರಾತ್ರಿ ಒಂದೂವರೆಗೆ ಪಡಸಾಲೆಯಿಂದ ಸಣ್ಣ ಸದ್ದು ಬಂತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಟಕ್. ಇಲಿ ಇಷ್ಟೊಂದು ಯೋಚನೆ ಮಾಡಿ ಕಡಿಯುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒಂದೇ ಬೆರಳಿನಲ್ಲಿ ಒತ್ತುವವರು ಈ ಮನೆಯಲ್ಲಿ ಒಬ್ಬರೇ, ನನ್ನ ಗಂಡ ಬಸವಪ್ರಭು.

"ಏನ್ ಮಾಡಾಕತ್ತೀರಿ?" ಎಂದು ಮಲಗಿದಲ್ಲಿಂದಲೇ ಕೇಳಿದೆ.

"ಜಿಎಸ್‌ಟಿ. ನೀ ಮಲ್ಕೊ. ಫಾರಿನ್‌ಗೆ ಹೋಗಾಕಿ, ನಿದ್ದಿ ಛಲೋ ಆಗ್ಬೇಕು."

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಇವರದು ಬಟ್ಟೆ ಅಂಗಡಿ. ಅದರ ಜಿಎಸ್‌ಟಿ ತುಂಬುವವರು ಸಿ.ಎ. ಕಚೇರಿಯವರು, ಅದೂ ಹಗಲು ಹೊತ್ತಿನಲ್ಲಿ. ನನಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಸುಮ್ಮನಾದೆ. ಅವತ್ತು ಬುಧವಾರ, ನನ್ನ ದಿಂಬಿನ ಕೆಳಗೂ ಒಂದು ಗುಟ್ಟು ಇತ್ತು.

ಧಾರವಾಡದ ಒಂದು ಪಿಯು ಕಾಲೇಜಿನಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಬೆಂಗೇರಿಯ ಮನೆಯಿಂದ ದಿನಾ ಬಸ್ಸಿನ ಓಡಾಟ. ಮಗಳು ಬೆಳಗಾವಿಯ ಹಾಸ್ಟೆಲ್ ಸೇರಿದ ವರ್ಷ, ಮಾಲ್ಡೀವ್ಸ್‌ನ ಒಂದು ಖಾಸಗಿ ಶಾಲಾ ಸಂಸ್ಥೆಗೆ ವಿಜ್ಞಾನ ಶಿಕ್ಷಕರು ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಯಾರನ್ನೂ ಕೇಳದೆ ನಾನು ಮಾಡಿದ ಮೊದಲ ಕೆಲಸ ಅದು. ಆಯ್ಕೆಯೂ ಆಯಿತು. ಎರಡು ವರ್ಷದ ಕರಾರು, ಎರಡೇ ಪುಟ. ಸಹಿ ಹಾಕಿದೆ. ಆದರೆ ಅದರಲ್ಲಿ 'ಸಂಸ್ಥೆಯ ನಿಯಮಾವಳಿಗೆ ಒಳಪಟ್ಟು' ಎಂದು ಒಂದು ಕಡೆ ಸಣ್ಣ ಅಕ್ಷರದಲ್ಲಿ ಇತ್ತು. ಅದು ಮನಸ್ಸಿನಲ್ಲಿ ಕೊರೆಯಿತು. ಆ ನಿಯಮಾವಳಿಯನ್ನು ಕೇಳಿ ತರಿಸಿಕೊಂಡೆ. ಇಪ್ಪತ್ತಮೂರು ಪುಟ ಬಂತು.

ಒಂಬತ್ತನೆಯ ನಿಯಮದ ಪ್ರಕಾರ ಪಾಸ್‌ಪೋರ್ಟ್ ಸಂಸ್ಥೆಯ ವಶದಲ್ಲಿರುತ್ತದೆ. ಹದಿನಾಲ್ಕನೆಯದರ ಪ್ರಕಾರ ಯಾವ ದ್ವೀಪದ ಶಾಲೆ ಎಂಬುದನ್ನು ಅಲ್ಲಿ ಹೋಗಿ ಇಳಿದ ಮೇಲೆ ತಿಳಿಸಲಾಗುತ್ತದೆ. ಹದಿನೇಳನೆಯದರ ಪ್ರಕಾರ ಶಿಕ್ಷಕಿಯು ಅಗತ್ಯಬಿದ್ದಾಗ ಮಕ್ಕಳ ಈಜಿನ ಮೇಲ್ವಿಚಾರಣೆ ಮಾಡತಕ್ಕದ್ದು. ನಾನು ವಾರಕ್ಕೊಮ್ಮೆ ನಳಕ್ಕೆ ನೀರು ಬರುವ ಊರಿನವಳು. ನೀರನ್ನು ಬಕೆಟ್ಟಿನ ಅಳತೆ ಮೀರಿ ಕಂಡವಳಲ್ಲ. ಸಮುದ್ರದಲ್ಲಿ ಒಂದು ಮಗು ಮುಳುಗುತ್ತಿದ್ದರೆ ನಾನು ದಡದಲ್ಲಿ ನಿಂತು ಆರ್ಕಿಮಿಡೀಸನ ತತ್ವ ಹೇಳಬಹುದು, ಅಷ್ಟೇ.

ಇಪ್ಪತ್ತೆರಡನೆಯ ನಿಯಮ ಮಾತ್ರ ದೇವರಂತೆ ಕಂಡಿತು. ಹೊರಡುವ ದಿನಕ್ಕೆ ಎರಡು ವಾರ ಮೊದಲು, ಅಂದರೆ ಬರುವ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ, ಶಿಕ್ಷಕಿ ಸ್ವತಃ ಪತ್ರ ಬರೆದು ಹಿಂದೆ ಸರಿಯಬಹುದು. ಸರಿದರೆ ಹುಬ್ಬಳ್ಳಿಯ ಏಜೆಂಟರ ಬಳಿ ಇರುವ ಮೂಲ ಪ್ರಮಾಣಪತ್ರಗಳು ವಾಪಸು. ತಡವಾದರೆ ಅವು ಎರಡು ವರ್ಷ ಅವರ ಬಳಿಯೇ.

ದಿಂಬಿನ ಕೆಳಗೆ ಇದ್ದದ್ದು ಆ ಪತ್ರದ ಕರಡು. ನಾಲ್ಕು ವಾಕ್ಯ. ಎಂಟು ದಿನದಿಂದ ತಿದ್ದುತ್ತಿದ್ದೆ. ಕಳಿಸುವ ಧೈರ್ಯ ಮಾತ್ರ ಬಂದಿರಲಿಲ್ಲ. ಏಕೆಂದರೆ ಅಷ್ಟರಲ್ಲಿ ನನಗೆ ನಾಲ್ಕು ಶಾಲು ಹೊದಿಸಿ ಆಗಿತ್ತು.

ನಮ್ಮ ಊರಿನಲ್ಲಿ ಮನುಷ್ಯ ಏನಾದರೂ ಮಾಡಿದ ಮೇಲೆ ಸತ್ಕಾರ ಮಾಡುವಷ್ಟು ತಾಳ್ಮೆ ಯಾರಿಗೂ ಇಲ್ಲ. ಮಾಡುತ್ತಾನಂತೆ ಎಂದು ಸುದ್ದಿ ಬಂದರೆ ಸಾಕು, ಶಾಲು, ಹಾರ, ಹಣ್ಣಿನ ಬುಟ್ಟಿ ಸಿದ್ಧ. ಮೊದಲನೆಯ ಶಾಲು ನಮ್ಮ ಕಾಲೇಜಿನದು. ಎರಡನೆಯದು ಸಮಾಜದ ಮಹಿಳಾ ಘಟಕದ್ದು. ಮೂರನೆಯದು ವ್ಯಾಪಾರಿಗಳ ಪತ್ತಿನ ಸಂಘದ್ದು. ನಾಲ್ಕನೆಯದು, ನಾನು ಒಂದು ದಿನವೂ ಕಾಲಿಡದ ಒಂದು ಕೋಚಿಂಗ್ ಕ್ಲಾಸಿನದು; ಅವರ ಪ್ರಕಾರ ನಾನು ಅಲ್ಲಿಯ ಸ್ಫೂರ್ತಿ. ನಾಲ್ಕೂ ಶಾಲುಗಳು ನಮ್ಮ ಅಂಗಡಿಯಿಂದಲೇ ಖರೀದಿಯಾಗಿದ್ದವು. ಒಂದರ ಮೂಲೆಯಲ್ಲಿ ಇವರ ಕೈಬರಹದ ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು.

ಬೆಂಗೇರಿಯ ತಿರುವಿನಲ್ಲಿ ಫ್ಲೆಕ್ಸ್ ಕೂಡ ಎದ್ದಿತ್ತು. 'ವಿದೇಶಕ್ಕೆ ಹೊರಟ ನಮ್ಮ ಹೆಮ್ಮೆಯ ಸೊಸೆ.' ಹೆಮ್ಮೆಯ ಸೊಸೆಯ ಮುಖ ಅಂಚೆ ಚೀಟಿಯಷ್ಟು. ಅದರ ಪಕ್ಕದಲ್ಲಿ ಇವರು ಸೊಂಟದವರೆಗೆ, ಕೈಮುಗಿದು ನಗುತ್ತ. ಭಾನುವಾರ ಪತ್ತಿನ ಸಂಘದ ನಿರ್ದೇಶಕರ ಚುನಾವಣೆ ಇತ್ತು, ಇವರು ಅಭ್ಯರ್ಥಿ.

ಮೂರನೆಯ ಶಾಲಿನ ದಿನ ಇವರು ಮೈಕ್ ಹಿಡಿದು ಕಣ್ಣೊರೆಸಿಕೊಂಡರು. "ಆಕಿ ಹೋಗ್ಲಿರಿ. ಹೆಣ್ಣಮಕ್ಕಳು ಮುಂದ ಬರಬೇಕು. ಎರಡ ವರ್ಷ ನಾ ನನ್ನ ಚಹಾ ನಾನs ಮಾಡ್ಕೊಂಡು ಕುಡೀತೇನಿ!"

ಐವತ್ತು ವರ್ಷದ ಗಂಡಸು ತನ್ನ ಚಹಾ ತಾನೇ ಮಾಡಿಕೊಳ್ಳುತ್ತೇನೆ ಎಂದದ್ದಕ್ಕೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ನಡುವೆ 'ನಾನು ಹೋಗುವುದಿಲ್ಲ' ಎಂದು ಹೇಳಲು ನನಗಿಂತ ಗಟ್ಟಿಗಿತ್ತಿ ಬೇಕು. ಕಾಲೇಜಿಗೆ ಕೊಡಬೇಕಾದ ರಾಜೀನಾಮೆಯನ್ನು ಮಾತ್ರ ಬರೆದು, ತಾರೀಖು ಹಾಕದೆ, ಪರ್ಸಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಹೆದರಿಕೆಯ ಸ್ವಭಾವದಿಂದ ಆದ ಲಾಭ ಅದೊಂದೇ.

ಶುಕ್ರವಾರ ಕಾಲೇಜಿಗೆ ರಜೆ ಹಾಕಿದ್ದೆ. ಸಂಜೆ ಓಣಿಯ ಹೆಣ್ಣುಮಕ್ಕಳು ಉಡಿ ತುಂಬಲು ಬರುವವರಿದ್ದರು. ಹಿತ್ತಿಲಿನಲ್ಲಿ ನಮ್ಮ ಅತ್ತೆ ಗೌರಕ್ಕ ಒರಳಿಗೆ ಗುರೆಳ್ಳು ಸುರಿದು ಒನಕೆ ಎತ್ತಿದ್ದರು. ಅವರಿಗೆ ಎಪ್ಪತ್ತನಾಲ್ಕು. ಮಿಕ್ಸಿಯ ಚಟ್ನಿ ಪುಡಿ ಸಮುದ್ರ ದಾಟುವ ಮೊದಲೇ ಕೆಡುತ್ತದೆ ಎಂಬುದು ಅವರ ಖಚಿತ ಅಭಿಪ್ರಾಯ. ಆಗಲೇ ಐದು ಡಬ್ಬಿ ತುಂಬಿದ್ದವು. ನಾನು ಲ್ಯಾಪ್‌ಟಾಪ್ ಮುಂದೆ ಕರಡು ಹರವಿಕೊಂಡು, ಕಳಿಸಲೋ ಬೇಡವೋ ಎಂದು ಗಡಿಯಾರ ನೋಡುತ್ತಿದ್ದೆ. ಹತ್ತೂವರೆಗೆ ಫೋನು ಬಂತು. ಏಜೆಂಟ್ ಅಸ್ಫಾಕ.

"ಮೇಡಮ್, ಅತ್ತಿಯವ್ರು ಹ್ಯಾಂಗದಾರ್ರಿ?"

"ಆರಾಮದಾರ. ಯಾಕ್ರಿ?"

"ಐಸಿಯುದಾಗಿಂದ ಹೊರಗ ತಂದ್ರೇನ್ರಿ ಮತ್ತ?"

ಹಿತ್ತಿಲಿನಲ್ಲಿ ಒನಕೆ ಧಡ್ ಎಂದಿತು.

"ಅದೇನ್ರಿ ಸಪ್ಪಳ?"

"ನಮ್ಮತ್ತಿ," ಎಂದೆ.

"ಯಾ ಅಲ್ಲಾ! ಬಿದ್ರೇನ್ರಿ?"

"ಇಲ್ರಿ. ಚಟ್ನಿ ಕುಟ್ಟಾಕತ್ತಾರ."

ಅಸ್ಫಾಕ ಬಹಳ ಮರ್ಯಾದೆಯಿಂದ, "ಮೇಡಮ್, ನೀವು ಬುಧವಾರ ರಾತ್ರಿ ಮೇಲ್ ಹಾಕೀರಲ್ರಿ, ಬರೂದಿಲ್ಲಂತ. ಅದನ್ನ ಓದ್ಲೇನ್ರಿ?" ಎಂದ.

ಓದಿದ. ಇಂಗ್ಲಿಷಿನಲ್ಲಿತ್ತು. 'ಮಾನ್ಯರೇ, ನನ್ನ ಅತ್ತೆಯವರು ಬಹಳ ಸೀರಿಯಸ್ ಇದ್ದಾರೆ. ಐಸಿಯುದಲ್ಲಿ ದಿನಾಲೂ ಕೊನೆಯುಸಿರು ಎಳೆಯುತ್ತಿದ್ದಾರೆ. ಕಾರಣ ನಾನು ಬರಲು ಆಗುವುದಿಲ್ಲ. ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಿ.' ಕೆಳಗೆ ನನ್ನ ಹೆಸರು, ರಜನಿ. ಅದರ ಸ್ಪೆಲಿಂಗ್ ಕೂಡ ತಪ್ಪು.

"ಜಡ್ಡಿನ ಕಾರಣ ಕೊಟ್ಟೀರಲ್ರಿ, ಹಾಸ್ಪಿಟಲ್ ಸರ್ಟಿಫಿಕೇಟ್ ಲಗೂ ಕಳಸ್ರಿ ಅಂತ ಆಫೀಸಿನವ್ರು ಅನ್ನಾಕತ್ತಾರ್ರಿ. ಹನ್ನೆರಡರ ಒಳಗ ಬರ್ಲಿಲ್ಲಂದ್ರ ಈ ಪತ್ರ ನಡೆಯೂದಿಲ್ಲಂತ."

"ಯಾರದು ಫೋನು?" ಅತ್ತೆ ಹಿತ್ತಿಲಿನಿಂದ ಕೂಗಿದರು.

"ಏಜೆಂಟ್‌ರು ರೀ ಅತ್ತಿ. ನಿಮ್ಮ ಆರೋಗ್ಯ ಕೇಳಾಕತ್ತಾರ."

"ಖರೇನ? ಛಲೋ ಮನಶ್ಯಾ. ಅವಗೂ ಒಂದ್ ಡಬ್ಬಿ ಚಟ್ನಿ ಕೊಡು!"

ಐದು ನಿಮಿಷದಲ್ಲಿ ಮತ್ತೆ ಮಾಡುತ್ತೇನೆಂದು ಫೋನಿಟ್ಟು, ಮೇಲ್ ತೆಗೆದು ನೋಡಿದೆ. ಕಳಿಸಿದ ಪತ್ರಗಳಲ್ಲಿ ಅದು ಇರಲಿಲ್ಲ. ಅಳಿಸಿದ್ದರು. ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿ ಒಂದಿದೆ ಎಂಬುದು ಇವರಿಗೆ ಗೊತ್ತಿಲ್ಲ. ಈ ಮನೆಯ ಯಾವ ಕಸದ ಬುಟ್ಟಿಯೂ ಇವರಿಗೆ ಗೊತ್ತಿಲ್ಲ. ಅಲ್ಲಿತ್ತು. ರಾತ್ರಿ ಒಂದು ಐವತ್ತೆರಡು.

ನಾಲ್ಕು ವಾಕ್ಯಕ್ಕೆ ಅಷ್ಟು ಹೊತ್ತು, ಒಂದು ಬೆರಳು. ಸ್ವಂತ ತಾಯಿಯನ್ನು ಐಸಿಯುಗೆ ಹಾಕಿದ ಬೆರಳು. ಚುನಾವಣೆಯವರೆಗೆ ಹೆಂಡತಿ ವಿದೇಶಕ್ಕೆ ಹೊರಟಿರಬೇಕು, ಚುನಾವಣೆ ಮುಗಿದ ಮೇಲೆ ಚಹಾ ಹೊತ್ತಿಗೆ ಸರಿಯಾಗಿ ಬರಬೇಕು. ಎರಡಕ್ಕೂ ಒಂದೇ ಪತ್ರ. ವ್ಯಾಪಾರಿಯ ಲೆಕ್ಕ ಚೊಕ್ಕಾಗಿಯೇ ಇತ್ತು.

ಖುಷಿಪಡಬೇಕಾಗಿತ್ತು ನಾನು. ನನಗೆ ಬೇಕಾದದ್ದೇ ಆಗಿತ್ತು. ಪರಿಚಯದ ಡಾಕ್ಟರರಿಂದ ಒಂದು ಸರ್ಟಿಫಿಕೇಟ್ ತರಿಸಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಮೈಯೆಲ್ಲ ಉರಿಯಿತು. ಬಾ ಎಂದಲ್ಲಿ ಬಂದು, ಕೂಡು ಎಂದಲ್ಲಿ ಕೂತು, ಬಾಗು ಎಂದಾಗ ಶಾಲಿಗೆ ಕುತ್ತಿಗೆ ಬಗ್ಗಿಸಿ ನಲವತ್ತಾರು ವರ್ಷ ಕಳೆದವಳು ನಾನು. ಎಂಟು ದಿನ ಕೂತು, ಒಂದೊಂದು ಶಬ್ದ ತೂಗಿ, ಜೀವನದಲ್ಲಿ ಮೊದಲ ಸಲ ಒಂದು 'ಇಲ್ಲ' ತಯಾರು ಮಾಡಿಕೊಂಡಿದ್ದೆ. ಅದನ್ನೂ ಇವರೇ ಹೇಳಿ ಮುಗಿಸಿದ್ದರು, ಅದೂ ಹರಕು ಇಂಗ್ಲಿಷಿನಲ್ಲಿ.

ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಮೊದಲು ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ಒಂದು ಪತ್ರ ಬರೆದೆ. 'ಬುಧವಾರ ರಾತ್ರಿಯ ಪತ್ರ ನಾನು ಬರೆದದ್ದಲ್ಲ. ಅದನ್ನು ರದ್ದೆಂದು ತಿಳಿಯಬೇಕು. ನನ್ನ ಅತ್ತೆಯವರು ಆರೋಗ್ಯವಾಗಿದ್ದಾರೆ. ಕರಾರು ಮೊದಲಿನಂತೆ ಇದೆ.'

ಕಳಿಸಿದೆ. ಎದ್ದು ಒಂದು ಲೋಟ ನೀರು ಕುಡಿದೆ. ಆ ಕಾಲು ಗಂಟೆ ನಾನು ನಿಜವಾಗಿಯೂ ವಿದೇಶಕ್ಕೆ ಹೊರಟವಳಾಗಿದ್ದೆ. ಯಾವ ಶಾಲು ಹೊದ್ದಾಗಲೂ ಹಾಗೆ ಅನಿಸಿರಲಿಲ್ಲ.

ಹನ್ನೊಂದೂ ಹತ್ತಕ್ಕೆ ಮೂರನೆಯ ಪತ್ರ ಹೋಯಿತು. ಅದು ನನ್ನದು. 'ಇಪ್ಪತ್ತೆರಡನೆಯ ನಿಯಮದಂತೆ ನಾನು ಈ ಕರಾರಿನಿಂದ ಹಿಂದೆ ಸರಿಯುತ್ತಿದ್ದೇನೆ. ಒಂಬತ್ತು, ಹದಿನಾಲ್ಕು, ಹದಿನೇಳನೆಯ ನಿಯಮಗಳು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ಇವತ್ತೇ ಬಂದು ಒಯ್ಯುತ್ತೇನೆ.'

ಅಸ್ಫಾಕನ ಫೋನು ಕೂಡಲೇ ಬಂತು.

"ಮೇಡಮ್, ಬರ್ತೀರೋ ಇಲ್ಲೋ, ಒಂದ್ ಹೇಳಿಬಿಡ್ರಿ. ನನ್ನ ತಲಿ ತಿರಗಾಕತ್ತೇತಿ."

"ಇಲ್ರಿ. ಬರೂದಿಲ್ಲ."

"ಮೊದಲನೇ ಪತ್ರದಾಗೂ ಅದs ಇತ್ತಲ್ರಿ! ಮತ್ತ ನಡುವ ಬರ್ತೇನಂತ ಯಾಕ ಬರದ್ರಿ?"

"ಬರೂದಿಲ್ಲ ಅನ್ನಾಕ ಮೊದ್ಲ ಬರೂ ಹಂಗ ಇರಬೇಕಲ್ರಿ."

"ನೀವು ಸೈನ್ಸ್ ಓದ್ದಾವ್ರು, ನನಗ ತಿಳಿಯೂದಿಲ್ರಿ," ಎಂದ. ಆಮೇಲೆ ದನಿ ತಗ್ಗಿಸಿ, "ಖರೇ ಹೇಳ್ಲೇನ್ರಿ? ಆ ಇಪ್ಪತ್ತಮೂರ್ ಪುಟ ಇವತ್ತಿನ ತನಕ ಕೇಳಿ ಓದಿದಾವ್ರು ನೀವೊಬ್ಬರs. ಬರ್ರಿ, ಫೈಲ್ ತಗದಿಟ್ಟಿರ್ತೇನಿ."

ಆಟೋ ಹತ್ತಿ ಹೋಗಿ, ಪ್ರಮಾಣಪತ್ರಗಳನ್ನು ಎಣಿಸಿಕೊಂಡು, ಚಟ್ನಿಯ ಡಬ್ಬಿ ಕೊಟ್ಟು ಬಂದೆ. ಸಂಜೆ ಉಡಿಯನ್ನೂ ತುಂಬಿಸಿಕೊಂಡೆ. ಪಕ್ಕದ ಮನೆಯ ಭಾಗ್ಯಶ್ರೀ ಅಕ್ಕಿ, ಕೊಬ್ಬರಿ, ಕುಬಸದ ಅರಿವೆ ಹಾಕುತ್ತ, "ಅಕ್ಕಾರ, ಅಲ್ಲಿ ಹೋದ ಮ್ಯಾಲೆ ನಮ್ಮನ್ನ ಮರೀಬ್ಯಾಡ್ರಿ ಮತ್ತ," ಎಂದಳು. ಮರೆಯುವುದಿಲ್ಲ ಎಂದೆ. ಅದು ಸುಳ್ಳಲ್ಲ.

ಭಾನುವಾರ ಇವರು ಹನ್ನೊಂದು ಮತಗಳಿಂದ ಗೆದ್ದರು. ರಾತ್ರಿ ಗುಲಾಲು ಮೆತ್ತಿದ ಮುಖದಲ್ಲೇ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ ಕೇಳಿದರು, "ಅಂದಹಂಗ, ಅಲ್ಲಿಂದ ಏನರ ಸುದ್ದಿ ಬಂತೇನು?"

"ಬಂತ್ರಿ. ರದ್ದಾತಂತ."

"ಛೇ!"

ಆ ಛೇ ನನ್ನ ಮಾತು ಮುಗಿಯುವುದಕ್ಕಿಂತ ಅರ್ಧ ಅಕ್ಷರ ಮೊದಲೇ ಬಂತು. "ಬ್ಯಾಸರಾ ಮಾಡ್ಕೋಬ್ಯಾಡ ರಜನಿ. ನಮ್ಮ ನಸೀಬದಾಗ ಇಲ್ಲ ಅಂತ ತಿಳೀಬೇಕು."

ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಹಂಗಾರ ಇಷ್ಟು ಚಟ್ನಿ ಯಾರ್ ತಿನ್ನಬೇಕ?" ಎಂದರು.

ಸೋಮವಾರ ಬೆಳಿಗ್ಗೆ ಹೊಸ ನಿರ್ದೇಶಕರು ಅಂಗಳದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಪ್ರತಿ ಶಬ್ದವೂ ಕೇಳಿಸಿತು. "ಅವ್ರs ಬ್ಯಾಡಂದ್ರರಿ. ಈಕಿಗೆ ವಯಸ್ಸು ಜಾಸ್ತಿ ಆತಂತ. ಇರ್ಲಿ ಬಿಡ್ರಿ, ಸಮಾಧಾನ ಮಾಡೇನಿ. ಏನ್ ಮಾಡೂದು, ಹೆಣ್ಣಜೀವ."

ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಹೊರಗೆ ಹೋಗಿ ಮೂರು ಪತ್ರಗಳನ್ನೂ ಗಟ್ಟಿಯಾಗಿ ಓದಿಬಿಡೋಣ ಎನಿಸಿತು. ಬಾಗಿಲವರೆಗೆ ಹೋದೆ ಕೂಡ. ಅಲ್ಲಿಂದ ಓಣಿಯ ತಿರುವು ಕಾಣುತ್ತದೆ. ಫ್ಲೆಕ್ಸಿನವನು ಏಣಿ ಹತ್ತಿ 'ವಿದೇಶಕ್ಕೆ ಹೊರಟ' ಎಂಬುದರ ಮೇಲೆ ಬಿಳಿ ಪಟ್ಟಿ ಅಂಟಿಸುತ್ತಿದ್ದ. ಅದರ ಮೇಲೆ ಏನು ಬರೆಯುವುದೆಂದು ಇನ್ನೂ ತೀರ್ಮಾನವಾದಂತಿರಲಿಲ್ಲ, ಖಾಲಿ ಇತ್ತು.

ಆ ಖಾಲಿ ಪಟ್ಟಿ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ನಾನು ಬಾಯಿ ಬಿಟ್ಟರೆ ಅಲ್ಲಿ ಒಂದು ಸಾಲು ಬರುತ್ತದೆ. 'ವಿದೇಶದ ಆಸೆ ತೊರೆದು ತಾಯ್ನಾಡಿನಲ್ಲೇ ಉಳಿದ ದಿಟ್ಟ ಮಹಿಳೆ.' ಸಭೆ ಸೇರುತ್ತದೆ. ನಮ್ಮ ಅಂಗಡಿಯಿಂದ ಐದನೆಯ ಶಾಲು ಹೋಗುತ್ತದೆ. ಇವರು ಮೈಕ್ ಹಿಡಿದು ಕಣ್ಣೊರೆಸಿಕೊಳ್ಳುತ್ತಾರೆ, ನಾನೇ ಆಕಿಗೆ ಧೈರ್ಯ ಹೇಳಿದೆ ಎನ್ನುತ್ತಾರೆ. ಕೊನೆಗೂ ನನ್ನ 'ಇಲ್ಲ' ಇವರದೇ ಆಗುತ್ತದೆ.

ಒಳಗೆ ಬಂದೆ. ಪರ್ಸಿನಿಂದ ತಾರೀಖಿಲ್ಲದ ರಾಜೀನಾಮೆ ತೆಗೆದು ಹರಿದು ಒಲೆಯ ಪಕ್ಕದ ಕಸಕ್ಕೆ ಹಾಕಿದೆ. ವಯಸ್ಸಾಯಿತೆಂದು ಅವರೇ ಬೇಡವೆಂದರಂತೆ ಎಂದು ಊರು ಅಂದುಕೊಳ್ಳಲಿ. ಮಗಳಿಗೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ.

"ರಜನೀ, ಚಹಾ ಆತೇನು?" ಎಂದು ಅಂಗಳದಿಂದ ಕೂಗು ಬಂತು.

"ಇಲ್ಲ," ಎಂದೆ.