ತೊಟ್ಟಿಲು ಹೋಗಿ ಬಾತುಕೋಳಿ ಬಂತು

“ನನ್ನ ತೊಟ್ಟಿಲ ಎಲ್ಲಿ ಹೋತ?”

ಗುಂಡವ್ವ ಯಾರನ್ನೂ ನೋಡಿ ಕೇಳಿದ್ದಲ್ಲ. ಅವಳ ತೋಳು ಮೊಳಕೈವರೆಗೆ ಹಳೆಯ ದರವಾಜೆಯ ಕಲ್ಲಿನ ಸಂದಿಯಲ್ಲಿತ್ತು. ಹೊರಗೆಳೆದ ತಗಡಿನ ಡಬ್ಬಿಯಲ್ಲಿ ಹಳದಿ ಪ್ಲಾಸ್ಟಿಕ್ ಬಾತುಕೋಳಿಯೊಂದು ಕೊಕ್ಕೆತ್ತಿ ಕೂತಿತ್ತು.

ಸಂಭಾಜಿನಗರದ ಕೋಟೆಬಾಗಿಲಾದ ಆ ದರವಾಜೆಯ ದುರಸ್ತಿಗೆ ಗಾರೆ ಹೊರಲು ಇಂಡಿ ಕಡೆಯಿಂದ ಬಂದವಳು ಅವಳು. ಮೊದಲ ವಾರವೇ ಈ ಡಬ್ಬಿ ಕೈಗೆ ಸಿಕ್ಕಿತ್ತು. ಒಳಗೆ ಗುಂಡಿ, ಗೋಲಿ, ಪರದೇಶದ ನಾಣ್ಯ. ಇಷ್ಟು ಜನ ಗುಟ್ಟಾಗಿ ತಂದಿಡುವುದು ದೇವರಿಗಲ್ಲದೆ ಇನ್ನಾರಿಗೆ? ಸೊಸೆ ಪ್ರಿಯಾಳ ಮಡಿಲು ತುಂಬಲೆಂದು ಬೀರಪ್ಪನಿಗೆ ಹರಕೆ ಹೊತ್ತಿದ್ದ ಬೆರಳುದ್ದದ ಬೆಳ್ಳಿ ತೊಟ್ಟಿಲಿಗೆ ಭಂಡಾರ ಹಚ್ಚಿ, ಅದರೊಳಗಿಟ್ಟು ಕೈಮುಗಿದಿದ್ದಳು.

ಬುತ್ತಿ ತಂದ ಪ್ರಿಯಾ ಮುಚ್ಚಳದ ಒಳಗಿನ ಚೀಟಿ ಓದಿದವಳೇ ಬಿದ್ದು ಬಿದ್ದು ನಕ್ಕಳು. ಸಂಭಾಜಿನಗರದಲ್ಲೇ ಬೆಳೆದ ಅವಳ ಕನ್ನಡದಲ್ಲಿ ಮರಾಠಿಯೇ ಹೆಚ್ಚು.

“ಅಗ ಬಾಯಿ! ಅತ್ತಿ, ಇದು ದೇವರ ಡಬ್ಬಿ ನಾಹಿ, ಖೇಳ, ಆಟ ಐತ್ರಿ! ಮೊಬೈಲ್ ನೋಡಿ ಹುಡುಕೂದು. ಸಿಕ್ಕರ ಒಂದು ಒಯ್ಯೂದು, ಒಂದು ಇಡೂದು.”

“ಒಂದು ಒಯ್ದು ಒಂದು ಇಡೂದಾ? ಮತ್ತ ದೇವರ ಡಬ್ಬಿನ ಆತಲ್ಲ!”

ಪ್ರಿಯಾ ಮೊಬೈಲಿನಲ್ಲಿ ಆ ಆಟದ ಪುಟ ತೆರೆದು ನೋಡಿದಳು. ಕೊನೆಗೆ ಡಬ್ಬಿ ತೆರೆದವಳು ನಾಶಿಕದ ನಿಶ್ಮಿತಾ. ತೊಟ್ಟಿಲು ಹಿಡಿದು ಹಲ್ಲು ಕಿರಿದ ಫೋಟೊ ಕೂಡ ಇತ್ತು.

ಗುಂಡವ್ವನ ಮುಖ ಬಾಡಿತು. “ಹರಕಿ ತೊಟ್ಟಿಲ ಮಂದಿ ಮನ್ಯಾಗ ತೂಗಿದರ ನಮ್ಮ ಮನ್ಯಾಗ ಏನ ತೂಗಬೇಕವ್ವಾ? ನಡಿ, ತರೂಣು.”

ಪ್ರಿಯಾ ಹರಕೆಯ ವಿಷಯ ನಿಶ್ಮಿತಾಳಿಗೆ ಬರೆದು ವಿಳಾಸ ತರಿಸಿಕೊಂಡಳು. ರಜೆಯ ದಿನ ಅತ್ತೆ ಸೊಸೆ ಪ್ಯಾಸೆಂಜರ್ ಗಾಡಿ ಹತ್ತಿದರು. ಬಾತುಕೋಳಿ ಗುಂಡವ್ವನ ಸೆರಗಿನ ಗಂಟಿನಲ್ಲಿ. ಮನ್ಮಾಡ್ ದಾಟುವತನಕ ಅವಳು ತಾನೇ ಕಟ್ಟಿದ ಹಾಡು ಗುನುಗಿದಳು: “ಕೊಟ್ಟೇನಪ್ಪಾ ತೊಟ್ಟಿಲ, ಕೊಟ್ಟೀಯಪ್ಪಾ ಕೋಳಿ, ಲೆಕ್ಕ ತಪ್ಪಿತೋ ಬೀರಪ್ಪಾ, ಒಮ್ಮೆ ತಿರುಗಿ ಕೇಳಿ.” ಎದುರಿನ ಸೀಟಿನವರು ತಾಳ ಹಾಕಿದರು. ನಿಫಾಡ್‌ನಲ್ಲಿ ಕಿಟಕಿಗೆ ಬಂದ ದ್ರಾಕ್ಷಿ ಬಾಯಿಗಿಟ್ಟರೆ ಕಣ್ಣು ಮುಚ್ಚಿಸುವ ಹುಳಿ. ಗುಂಡವ್ವ ಉಗುಳಿದಳು. ಪ್ರಿಯಾ ಗೊಂಚಲು ಮುಗಿಸಿ ತೊಟ್ಟನ್ನೂ ಚೀಪಿದಳು.

ಕರಾವಳಿಯಿಂದ ಬಂದ ನಿಶ್ಮಿತಾಳ ಮನೆಯವರದು ನಾಶಿಕದಲ್ಲಿ ಸಸ್ಯಾಹಾರಿ ಹೋಟೆಲು. ಗಲ್ಲಾದಲ್ಲಿದ್ದ ಅವಳ ತಂದೆ ಭುಜಂಗ ಎದ್ದುನಿಂತ.

“ಬನ್ನಿ ಅಮ್ಮಾ, ಕೂತ್ಕೊಳ್ಳಿ. ನಮ್ಮ ಹುಡುಗಿಗೆ ಊರೂರಿನ ಗೋಡೆ ಕೆದಕುವ ಹುಚ್ಚು ಮಾರಾಯ್ರೆ. ಹರಕೆಯದ್ದು ಅಂತ ಗೊತ್ತಿರ್ಲಿಲ್ಲ. ಈಗ ಒಂದು ಎಡವಟ್ಟಾಗಿದೆ, ನೋಡಿ.”

ಅವನು ಬೊಟ್ಟುಮಾಡಿದ ಕಡೆ ದೇವರ ಗೂಡು. ಅಲ್ಲಿ ಗುಂಡವ್ವನ ತೊಟ್ಟಿಲು, ತೊಟ್ಟಿಲಲ್ಲಿ ಹಿತ್ತಾಳೆಯ ಪುಟ್ಟ ಕೃಷ್ಣ ಬೆರಳು ಚೀಪುತ್ತ ಮಲಗಿದ್ದ.

“ಮಲಗಿದವನನ್ನು ಎಬ್ಬಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಆದ್ರೆ ನಿಮ್ಮದು ನಿಮಗೇ ಸೇರಬೇಕು,” ಎಂದು ಭುಜಂಗ ಕೈ ಚಾಚಿದ.

“ಯಪ್ಪಾ, ತಡೀರಿ!” ಗುಂಡವ್ವ ಕೂಗಿದ್ದಕ್ಕೆ ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. “ಖಾಲಿ ತೊಟ್ಟಿಲ ಇಟ್ಟಿದ್ದೆ. ಕೂಸು ಬಂದು ಮಲಗೇತಿ! ಕೂಸನ್ನ ಇಳಿಸಿ ತೊಟ್ಟಿಲ ಒಯ್ತಾರೇನ್ರಿ?”

ಅಷ್ಟರಲ್ಲಿ ಮಾಣಿ ಬಿಸಿ ಕಾಫಿ ತಂದ. ಅದರ ಘಮಕ್ಕೆ ಪ್ರಿಯಾ ಬಾಯಿಗೆ ಸೆರಗೊತ್ತಿ ಕೈತೊಳೆಯುವ ಕಡೆ ಓಡಿದಳು. ತಿರುಗಿ ಬಂದವಳ ಮುಖ ಕೆಂಪು.

“ಎಂದಿನಿಂದ?” ಗುಂಡವ್ವ ಪಿಸುಗುಟ್ಟಿದಳು.

“ಖಾತ್ರಿ ಆದ ಮ್ಯಾಲ ಹೇಳೂಣು ಅಂತ ಸುಮ್ಮಕಿದ್ದೆ, ಅತ್ತಿ. ಇವತ್ತ ಮುಂಜಾನೆ ಖಾತ್ರಿ ಆತ್ರಿ.”

ಗುಂಡವ್ವ ಸೊಸೆಯ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. ಗೂಡಿನ ಮುಂದೆ ನಿಂತು ಬೆರಳ ತುದಿಯಿಂದ ತೊಟ್ಟಿಲನ್ನು ಒಮ್ಮೆ ತೂಗಿದಳು. ಭುಜಂಗ ಎಲ್ಲರಿಗೂ ಶಿರಾ ತರಲು ಹೇಳಿದ.

ಆಗ ನಿಶ್ಮಿತಾ ಮೆಲ್ಲಗೆ ಹತ್ತಿರ ಬಂದಳು.

“ಅಜ್ಜಿ, ತೊಟ್ಟಿಲು ಇಲ್ಲೇ ಇರ್ಲಿ. ಬಾತುಕೋಳಿ ಮಾತ್ರ ಕೊಡ್ತೀರಾ? ಅದು ಇಂಗ್ಲೆಂಡಿನ ಒಂದು ಹಳ್ಳಿಯ ಹಳೇ ಚರ್ಚಿನ ಗೋಡೆಯಿಂದ ಹೊರಟದ್ದು. ಡಬ್ಬಿಯಿಂದ ಡಬ್ಬಿಗೆ ದಾಟ್ತಾ ಬಂದಿದೆ, ಹಾಗೇ ದಾಟ್ತಾ ವಾಪಸ್ ಆ ಹಳ್ಳಿ ಮುಟ್ಬೇಕು. ಗೋದಾವರಿ ಹತ್ರದ ಡಬ್ಬಿಯಲ್ಲಿ ಇಟ್ಟುಬಿಡ್ತೇನೆ, ಆಯ್ತಾ?”

ಗುಂಡವ್ವ ಸೆರಗಿನ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದಳು.

“ಕೊಡೂದಿಲ್ಲ. ಬೀರಪ್ಪ ನಮ್ಮ ಕೂಸಿಗೆ ಕೊಟ್ಟದ್ದಿದು.”